ಮೊದಲ ಕೊಯ್ತ

"ಬಾಯಿ ಮುಚ್ಚಲೇ ಬೋಸುಡಿ ಮಗನ! ಜಿಂಕಿ ಹೊಡದಾಂವ ನೀನ, ತೊಗಲು ಸುಲದಾಂವ ನೀನ. ಮ್ಯಾಲೆ ಧಣ್ಯಾರ ಹೆಸರು ಹೇಳ್ತೀ?"

ಫಾರೆಸ್ಟ್ ಗಾರ್ಡು ಬೂಟುಗಾಲಿನಿಂದ ಚರ್ಮ ಹದಮಾಡುವ ಬಾನಿಯನ್ನು ಒದ್ದ. ತಂಗಡಿ ತೊಗಟೆಯ ಕೆಂಪು ನೀರು ಅಂಗಳದ ತುಂಬ ಹರಿದು ಕೂಸು ಮಲಗಿದ್ದ ಕೌದಿಯ ಅಂಚಿಗೆ ಬಂತು. ಚೌಡಿ ಓಡಿಬಂದು ಮಗಳನ್ನು ಎತ್ತಿಕೊಂಡಳು. ಅವಳ ಗಂಡ ಕೆರಿಯ ಚಪ್ಪಡಿಕಲ್ಲಿನ ಮುಂದೆ ಕೂತಲ್ಲೇ ಇದ್ದ. ಕಲ್ಲಿನ ಮೇಲೆ ಕೂದಲು ಉಳಿಸಿ ಹದಮಾಡಿದ ಚುಕ್ಕೆ ಜಿಂಕೆಯ ಚರ್ಮ, ಬಲಗೈಯಲ್ಲಿ ಅಂಚು ಹೆರೆಯುವ ರಂಪಿಗೆ.

"ಧಣ್ಯಾರ ಕೊಟ್ಟಿದ್ರೀ ಸಾಹೇಬ್ರ. ಅಲ್ಲೇ ನಿಂತಾರಲ್ರೀ, ಕೇಳ್ರಿ."

ಅಂಗಳದಾಚೆ ಹುಣಸೆಮರದ ನೆರಳಿನಲ್ಲಿ ಚಂದ್ರಶೇಖರಪ್ಪ ಕೊಡೆ ಊರಿಕೊಂಡು ನಿಂತಿದ್ದ. ಸಮಗಾರ ಕೇರಿಯಲ್ಲಿ ಅವನು ಕಾಲಿಡುವುದು ಆ ಮರದವರೆಗೆ ಮಾತ್ರ.

"ನಾ ಕೊಟ್ಟೆ? ಯಾವಾಗ ಕೊಟ್ಟೆನೋ ಕೆರಿಯಾ? ನಿನ್ನ ಕನಸಿನಾಗೇನು?"

ಗಾರ್ಡು ಹೊಟ್ಟೆ ಕುಣಿಸಿ ನಕ್ಕ. ಕೆರಿಯ ಚರ್ಮವನ್ನು ಎತ್ತಿ ಕುತ್ತಿಗೆಯ ಭಾಗವನ್ನು ಬೆಳಕಿಗೆ ಹಿಡಿದ. ತೂತಿನಿಂದ ಅವನ ಬೆರಳು ಈಚೆ ಬಂತು.

"ಇದು ಗುಂಡಿನ ತೂತು ಹೌದಲ್ರಿ? ನನ್ನ ಗುಡಿಸಲದಾಗ ಬಂದೂಕು ಹುಡುಕ್ರಿ. ಸಿಕ್ರ ಅದರಿಂದ್ಲೇ ನನ್ನ ಹೊಡೀರಿ."

ಲಾಠಿ ಅವನ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಮತ್ತೊಮ್ಮೆ ಬೆರಳುಗಳ ಮೇಲೆ ಬಿತ್ತು. ರಂಪಿಗೆ ಕಲ್ಲಿನ ಮೇಲೆ ಟಣ್ಣೆಂದು ಹಾರಿ ಕೆಂಪು ನೀರಿಗೆ ಬಿತ್ತು.

ಗಾರ್ಡು ಅದನ್ನು ಎತ್ತಿ ಒರೆಸಿ ಜೇಬಿಗಿಟ್ಟ. "ಇದು ಜಪ್ತಿ. ಜಿಂಕಿ ಸುಲದ ಹತ್ಯಾರ." ಆಮೇಲೆ ಚರ್ಮದ ಕಡೆ ನೋಡಿದ, ಹುಣಸೆಮರದ ಕಡೆ ನೋಡಿದ. ಚಂದ್ರಶೇಖರಪ್ಪ ಆಕಾಶ ನೋಡುತ್ತಿದ್ದ.

"ತೊಗಲು ಇಲ್ಲೇ ಇರ್ಲಿ" ಅಂದ ಗಾರ್ಡು.

ಹೆರೆಯುವ ಅಲಗನ್ನೂ ಹೆರೆಯುವವನನ್ನೂ ಒಯ್ದರು. ಸತ್ತ ಜಿಂಕೆಯ ಚರ್ಮ ಚೌಡಿಯ ಅಂಗಳದಲ್ಲಿ ಉಳಿಯಿತು.

ಆ ಜಿಂಕೆಯನ್ನು ಹೊಡೆದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅದರ ಮಾಂಸ ಗಾರ್ಡಿನ ಮನೆಗೂ ಹೋಗಿತ್ತು. ಆದರೆ ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯಿಂದ ಬಂದ ಹೊಸ ರೇಂಜ್ ಸಾಹೇಬನಿಗೆ ಯಾರೋ ಅರ್ಜಿ ಹಾಕಿದ್ದರು. ಅರ್ಜಿಗೆ ಒಬ್ಬ ಮನುಷ್ಯ ಬೇಕಾಗಿತ್ತು.

*

ರೇಂಜ್ ಆಫೀಸಿನ ಹಿಂದೆ ಮರದ ನಾಟಾ ಇಡುವ ಕೋಣೆಯಲ್ಲಿ ಕೆರಿಯನನ್ನು ಕೂಡಿಹಾಕಿದ್ದರು. ಚೌಡಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ರೊಟ್ಟಿ ಒಯ್ದಳು.

"ರೊಟ್ಟ್ಯಾಗ ಏನಿಟ್ಟೀಯೇ ಹಾದರಗಿತ್ತಿ, ಗರಗಸಾನ?" ಗಾರ್ಡು ರೊಟ್ಟಿಗಳನ್ನು ಹರಿದು ಹರಿದು ನೋಡಿದ. ಒಂದು ತುಂಡು ನೆಲಕ್ಕೆ ಬಿತ್ತು. ನಾಯಿ ಬರುವ ಮೊದಲು ಚೌಡಿ ಅದನ್ನು ಹೆಕ್ಕಿ ಸೆರಗಿನಲ್ಲಿ ಒರೆಸಿದಳು.

ಸರಳಿನಾಚೆ ಕೆರಿಯನ ಬಲಗೈ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಮೈ ಕಾದಿತ್ತು. ಕೆಮ್ಮಿದಾಗ ಅವನು ಬಾಯಿ ಒರೆಸಿದ ತೋಳಿನಲ್ಲಿ ಕೆಂಪು ಕಂಡಿತು. ಅವನು ತೋಳನ್ನು ತಿರುಗಿಸಿ ಹಿಡಿದ.

"ಕೈ ತೋರ್ಸು" ಅಂದಳು.

"ಐತಿ ಬಿಡು. ಕೂಸು ಹಾಲು ಕುಡೀತಾ?"

"ಕುಡೀತು."

ಸರಳಿನ ಸಂದಿಯಿಂದ ಅವಳು ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು. ಕೂಸಿಗೆ ಮೊದಲ ಅನ್ನ ಉಣಿಸಿದ ಹಾಗೆ ಸಣ್ಣ ಸಣ್ಣ ತುತ್ತು. ಅವನು ನುಂಗಲು ತಡಮಾಡಿದಷ್ಟೂ ಅವಳು ಕಾದಳು. ಇನ್ನೊಂದು ವಾರ ಇವನು ಇಲ್ಲಿದ್ದರೆ ತಾನು ಒಯ್ಯುವುದು ಗಂಡನನ್ನಲ್ಲ, ಹೆಣವನ್ನು ಅನ್ನುವುದು ಅವಳಿಗೆ ಆ ಬಿಸಿ ಉಸಿರಿನಲ್ಲೇ ಗೊತ್ತಾಯಿತು.

*

ಮರುದಿನ ಶಿರಸಿಯಿಂದ ಹವ್ಯಕರ ಕಮಲಾಕರ ಬಂದ. ಬಿಡಕಿಬೈಲಿನ ಹತ್ತಿರ ಅವನದು ಪುಸ್ತಕ ಕಟ್ಟುವ ಅಂಗಡಿ. ಚರ್ಮದ ರಕ್ಷೆ, ಅಂದರೆ ಹೊದಿಕೆ, ಬೇಕಾದ ಪುಸ್ತಕಗಳಿಗೆ ಚರ್ಮ ಹೆರೆಯುವುದು ಮೊದಲಿನಿಂದಲೂ ಕೆರಿಯನ ಕೆಲಸ. ಪುಸ್ತಕ ಮಾತ್ರ ಕೆರಿಯನ ಕೈಗೆ ಬರುತ್ತಿರಲಿಲ್ಲ. ಅಳತೆಯ ರಟ್ಟು ಬರುತ್ತಿತ್ತು, ಹೆರೆದ ಚರ್ಮ ಹೋಗುತ್ತಿತ್ತು.

ಈ ಸಲದ ಪುಸ್ತಕ ಚಂದ್ರಶೇಖರಪ್ಪನ ಮನೆತನದವರು ಪೂಜೆಗಿಟ್ಟ ಪುರಾಣ. ಸೋಮವಾರ, ಮಠದ ಅಯ್ಯನವರು ಧಣಿಯ ಮನೆಗೆ ಬರುವವರಿದ್ದರು. ಜಿಂಕೆ ಚರ್ಮದ ರಕ್ಷೆ ಹಾಕಿ ಅವರ ಪಾದದ ಹತ್ತಿರ ಇಡಬೇಕು.

ಕಮಲಾಕರ ಅಂಗಳದ ಅಂಚಿನಲ್ಲಿ ಎರಡು ರಟ್ಟು ಇಟ್ಟು ಹಿಂದೆ ಸರಿದು ನಿಂತ. "ಹೊಲಿಗೆ ಎಲ್ಲ ಮುಗದಿದ್ದು. ರಕ್ಷೆ ಒಂದೇ ಬಾಕಿ. ನೀನೇ ಹೆರ್ದು ಕೊಡೇ ಚೌಡಿ. ಕೆರಿಯ ಮಾಡದನ್ನ ದಿನಾ ನೋಡ್ತಿದ್ದೆಯಲೆ."

"ನಾ ಹೆಂಗಸ್ರೀ ಒಡೆಯಾ. ರಂಪಿಗಿ ನಾವು ಮುಟ್ಟಾಂಗಿಲ್ಲ."

"ಎಂತ ಮಾಡದು ಮಾರಾಯ್ತಿ! ಹಾವೇರಿಂದ ಜನ ಕರ್ಸವು ಅಂದ್ರೆ ಸೋಮವಾರ ದಾಟ್ತು. ಧಣಿ ಎನ್ನ ಅಂಗಡಿ ಮುಚ್ಚಸ್ತ." ಅವನು ದನಿ ಇಳಿಸಿದ. "ರಕ್ಷೆ ಆದ್ರೆ ಸಾಹೇಬಂಗೆ ಒಂದು ಮಾತು ಹೇಳ್ತೆ, ಕೆರಿಯನ ಬಿಡಸ್ತೆ ಅಂದಿದ್ದ."

"ಧಣ್ಯಾರ ಬಾಯಿಂದ ಬಂತಾ ಈ ಮಾತು?"

"ಬಂತೇ. ಆನೇ ಕೇಳಿದ್ದಿ."

ಚೌಡಿ ರಟ್ಟುಗಳನ್ನು ನೋಡಿದಳು. "ದೇವರ ಪುಸ್ತಕಕ್ಕ ತೊಗಲು ನಡೀತೈತ್ರಿ?"

"ಜಿಂಕೆ ಚರ್ಮಕ್ಕೆ ಮೈಲಿಗೆ ಇಲ್ಲೆ. ಋಷಿಗಳು ಕೂತಿದ್ದು ಅದ್ರ ಮೇಲೇಯ. ನಿಂಗಳ ಕೈಯಿಂದ ಬಂದ ಮೇಲೆ ಗೋಮೂತ್ರ ಚಿಮುಕಸ್ತ, ಅಷ್ಟೇ."

"ಹಂಗಾರ ಗೋಮೂತ್ರ ನಮಗ್ರೀ" ಅಂದಳು ಚೌಡಿ. "ಜಿಂಕಿಗಲ್ಲ."

ಕಮಲಾಕರ ಮುಖ ಬೇರೆ ಕಡೆ ತಿರುಗಿಸಿದ. ಹೋಗುವಾಗ ಕೆರಿಯನ ಕೈ ಹೇಗಿದೆ ಎಂದು ಕೇಳಬೇಕೆಂದು ನಿಂತ. ಕೇಳಲಿಲ್ಲ.

*

ಸೂರಿನಲ್ಲಿ ಕೆರಿಯ ಸಿಕ್ಕಿಸಿಟ್ಟಿದ್ದ ಗರಗಸದ ತುಂಡು ಇತ್ತು. ಮರ ಕೊಯ್ಯುವವರು ಮುರಿದು ಎಸೆದದ್ದು. ತುಕ್ಕು ಹಿಡಿದಿದ್ದರೂ ಒಳಗೆ ಒಳ್ಳೆಯ ಉಕ್ಕು. ಚೌಡಿ ಅದನ್ನು ಇಳಿಸಿದ ಸದ್ದಿಗೆ ಮೂಲೆಯಲ್ಲಿ ಕೂತಿದ್ದ ಮಾವ, ಕೆರಿಯನ ಅಪ್ಪ ಹುಚ್ಚ, ಕತ್ತೆತ್ತಿದ. ಅವನ ಎರಡೂ ಕಣ್ಣು ಹೋಗಿ ಬಹಳ ಕಾಲವಾಗಿತ್ತು.

"ಯಾರದು, ಗರಗಸ ಮುಟ್ಟಿದವರು?"

"ನಾನ್ರೀ ಮಾವಾ."

"ಬ್ಯಾಡವ್ವ. ಹೆಂಗಸು ರಂಪಿಗಿ ಹಿಡದ್ರ ಮನಿ ಹಾಳಾಕ್ಕೈತಿ."

"ಇನ್ನ ಹಾಳಾಗಾಕ ಏನ ಉಳದೈತ್ರೀ ಮಾವಾ?"

ಮುದುಕ ಕಿವಿಯನ್ನು ಅವಳ ಕಡೆ ತಿರುಗಿಸಿ ಕೂತ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಚೆಲ್ಲಿ ತಿಕ್ಕಲು ಶುರುಮಾಡಿದಳು. ಗರಗಸದ ಹಲ್ಲುಗಳು ಮೊದಲು ಸವೆಯಬೇಕು. ತೋಳು ಸೋತಾಗ ನಿಲ್ಲಿಸುವಳು. ಕೂಸು ಅತ್ತರೆ ಎತ್ತಿ ಹಾಲು ಕುಡಿಸಿ, ತೊಡೆಯ ಮೇಲೆ ಮಲಗಿಸಿಕೊಂಡು, ಬಗ್ಗಿ ಮತ್ತೆ ತಿಕ್ಕುವಳು. ಕಬ್ಬಿಣದ ಕರಿನೀರು ಅವಳ ಮೊಣಕೈಯಿಂದ ಇಳಿದು ಕೂಸಿನ ಕೂದಲಿಗೆ ಬಿದ್ದಾಗ ಸೆರಗಿನಿಂದ ಒರೆಸುವಳು.

ಬಿಸಿಲು ಮೋರೆಗೆ ಬರುವ ಹೊತ್ತಿಗೆ ಹಲ್ಲುಗಳು ಹೋಗಿ ಅಗಲವಾದ ಬಾಯಿ ಮೂಡಿತು. ಆಗ ಹುಚ್ಚ ಮೂಲೆಯಿಂದಲೇ ಮಾತಾಡಿದ.

"ಕೋನ ಏರ್ಸಿದಿ. ಕಲ್ಲು ಕಿರುಚಾಕ ಹತ್ತೈತಿ, ಕೇಳಸವಲ್ದೇನು? ಮಲಗಿಸಿ ಹಿಡಿ."

ಅವಳು ಇನ್ನಷ್ಟು ಮಲಗಿಸಿದಳು. ಸದ್ದು ಮೆತ್ತಗಾಯಿತು.

"ಹಾಂ. ಬೆನ್ನು ಚಪ್ಪಟಿ ಇರ್ಲಿ, ಇಳಿಜಾರು ಒಂದ ಕಡೆ. ಎರಡೂ ಕಡೆ ಇಳಿಸಿದ್ರ ಅದು ರಂಪಿಗಿ ಅಲ್ಲ, ಕಾಯಿ ಹೆಚ್ಚೂ ಚಾಕು. ಈಗ ಹೊಳಿಕಲ್ಲು ತಗಾ. ಒತ್ತಬ್ಯಾಡ. ಕೂಸಿಗೆ ಎಣ್ಣಿ ಹಚ್ಚಿದಂಗ ಹಚ್ಚು."

ನುಣುಪಾದ ಹೊಳೆಗಲ್ಲಿನ ಮೇಲೆ ಅವಳು ಹಾಗೆಯೇ ಹಚ್ಚಿದಳು. ಬಹಳ ಹೊತ್ತಿನ ಮೇಲೆ ಬೆನ್ನಿನ ಕಡೆ ಹೆಬ್ಬೆರಳು ಆಡಿಸಿದಾಗ ಕೂದಲೆಳೆಯಷ್ಟು ಒರಟು ಕೈಗೆ ಸಿಕ್ಕಿತು. ಉಕ್ಕು ಅಂಚು ದಾಟಿ ಆ ಕಡೆ ಮಗುಚಿತ್ತು. ಮುದುಕ ಅಲಗು ಈಸಿಕೊಂಡು ತಾನೂ ಬೆರಳಾಡಿಸಿದ. ಅವನ ಕುರುಡು ಮುಖದಲ್ಲಿ ಏನೋ ಅಲುಗಿತು.

"ಬಂತು. ಇನ್ನ ಬೆನ್ನು ಮಲಗಿಸಿ ಒಂದ ಎಳತ. ಆಮ್ಯಾಲೆ ತೊಗಲಿನ ಮ್ಯಾಲೆ ಹಿಂದಕ್ಕ ಎಳಿ. ಮುಂದಕ್ಕ ತಳ್ಳಿದ್ರ ಕೆಟ್ಟಿ."

ಹಳೆಯ ತೊಗಲಿನ ಪಟ್ಟಿಗೆ ಎಣ್ಣೆ ಸವರಿ, ಭತ್ತದ ಹೊಟ್ಟಿನ ಬೂದಿ ಉದುರಿಸಿ, ಅವಳು ಅಲಗನ್ನು ಹಿಂದಕ್ಕೆ ಹಿಂದಕ್ಕೆ ಎಳೆದಳು. ಹಿಡಿಕೆಯ ಕಡೆಗೆ ಕೆರಿಯನ ಹರಕು ಧೋತರದ ಚೂರು ಸುತ್ತಿದಳು. ಸವಕಲು ಚರ್ಮದ ತುಣುಕೊಂದನ್ನು ಚಪ್ಪಡಿಯ ಮೇಲಿಟ್ಟು ಅಂಚಿಗೆ ಅಲಗು ತಾಗಿಸಿದಳು. ಈರುಳ್ಳಿ ಸಿಪ್ಪೆಯಂಥ ತೆಳು ಪರೆ ಸುರುಳಿಯಾಗಿ ಎದ್ದುಬಂತು. ಅವಳಿಗೆ ಕೆರಿಯ ಬಂದುಬಿಟ್ಟಂತೆ ಆಯಿತು.

"ಹೊಸಾ ರಂಪಿಗಿ" ಅಂದ ಹುಚ್ಚ. "ನಮ್ಮಪ್ಪ, ನಾನು, ಕೆರಿಯ, ಯಾರೂ ಮೀರಿಲ್ಲ. ಮೊದಲ ಕೊಯ್ತ ಮನೀದು. ಮನ್ಯಾಗಿನವರ ಸಲುವಾಗಿ ಒಂದ ಚೂರು ತೊಗಲು ಕೊಯ್ದು ಇಟ್ಟ ಮ್ಯಾಲೇನೇ ಊರ ಕೆಲಸ. ಮರೀಬ್ಯಾಡ."

"ಮರೆಯಾಂಗಿಲ್ರೀ ಮಾವಾ. ಒಂದು ಉಂಗುಟದ ಪಟ್ಟಿ ಕೊಯ್ತೀನಿ. ಅವರು ಬಂದ ಮ್ಯಾಲೆ ಚಪ್ಪಲಿಗೆ ಹಚ್ಚಾಕ ಬರ್ತೈತಿ."

ಅವಳು ಜಿಂಕೆ ಚರ್ಮ ಹಾಸಿದಳು. ಕಮಲಾಕರನ ರಟ್ಟುಗಳನ್ನು ಅದರ ಮೇಲಿಟ್ಟು, ಗುಂಡಿನ ತೂತು ಹೊರಗುಳಿಯುವಂತೆ ಸರಿಸಿದಳು. ಕೆರಿಯ ಇಡುತ್ತಿದ್ದುದು ಹಾಗೆಯೇ.

*

"ಇನ್ನೂ ಮುಗಿದಿಲ್ಲೇನ ಚೌಡೀ?"

ಚಂದ್ರಶೇಖರಪ್ಪ ಹುಣಸೆಮರದಡಿ ಬಂದು ನಿಂತಿದ್ದ. ಹಿಂದೆ ದೊಣ್ಣೆ ಹಿಡಿದ ಇಬ್ಬರು ಆಳುಗಳು. ಚೌಡಿ ರಂಪಿಗೆ ಕೆಳಗಿಟ್ಟು ಎದ್ದು ಕೈಮುಗಿದಳು.

"ಈಗ ಹಿಡದೀನ್ರೀ ಧಣ್ಯಾರ. ಸಂಜೀಕ ಮುಗೀತೈತಿ. ಅವರನ್ನ ನಾಳೆ ಬಿಡ್ತಾರೇನ್ರಿ?"

"ಯಾರನ್ನ?"

"ನನ್ನ ಗಂಡನ್ನರೀ. ಒಡೆಯಾರು ಹೇಳಿದ್ರು, ನೀವು ಮಾತು ಕೊಟ್ಟೀರಿ ಅಂತ."

ಧಣಿ ಆಳುಗಳ ಕಡೆ ನೋಡಿ ನಕ್ಕ. "ಏ ಹುಚ್ಚಿ, ಅಂವ ಮುಂಜಾನೀನ ಕಾರವಾರಕ್ಕ ಹೋದ. ಹೆಬ್ಬೆಟ್ಟು ಒತ್ಯಾನ, ನಾನ ಹೊಡದೀನಿ ಅಂತ. ಇನ್ನ ಜೇಲು."

"ಅವರ ಕೈ ಎತ್ತಾಕ ಬರೂದಿಲ್ಲಲ್ರೀ."

"ಎತ್ತಾಕ ಬರದಿದ್ರ ಎತ್ತಿ ಒತ್ತಿಸ್ತಾರ." ಅವನು ಕೊಡೆಯ ತುದಿಯಿಂದ ನೆಲ ಕೆದಕಿದ. "ಅಳಬ್ಯಾಡ. ಜೇಲಿನಾಗ ಎರಡ ಹೊತ್ತು ಕೂಳು ಹಾಕ್ತಾರ, ನಿನ್ನ ಗಂಡಗ ಇಲ್ಲಿಗಿಂತ ಚಲೋ. ನೀನು ಕೆಲಸ ಮುಗಸು. ಈ ಗುಡಿಸಲು ನಿಂತದ್ದು ಯಾರ ನೆಲದ ಮ್ಯಾಲೆ ಅನ್ನೂದು ನೆನಪೈತಲ್ಲ?"

ಕೂಸು ಅಳತೊಡಗಿತು. ಚೌಡಿ ಅದನ್ನು ಎತ್ತಿ ಮಾವನ ಮಡಿಲಿಗಿಟ್ಟಳು. ಕುಪ್ಪಸ ಸರಿಮಾಡಿಕೊಂಡಳು. ಒಳಗೆ ಹೋಗಿ ಬಾಗಿಲ ಹಿಂದಿನಿಂದ ಕೆರಿಯನ ಹಳೆಯ ಮೆಟ್ಟುಗಳನ್ನು ತಂದಳು. ಎಮ್ಮೆ ತೊಗಲಿನ ಅಟ್ಟೆ ಗಟ್ಟಿಯಾಗಿತ್ತು, ಮೇಲಿನ ಪಟ್ಟಿಗಳೆಲ್ಲ ಹರಿದಿದ್ದವು. ಚಪ್ಪಡಿಯ ಮುಂದೆ ಕೂತು, ಕಮಲಾಕರನ ರಟ್ಟುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟಳು. ಜಿಂಕೆಯ ಬೆನ್ನಿನ ನಟ್ಟನಡುವೆ ಒಂದು ಮೆಟ್ಟನ್ನು ಇಟ್ಟಳು.

"ಏನ ಮಾಡಾಕ ಹತ್ತೀಯೇ?"

"ಹೊಸಾ ರಂಪಿಗಿ ಧಣ್ಯಾರ. ಮೊದಲ ಕೊಯ್ತ ಮನೀದು."

"ಅಂಚಿನಾಗ ಒಂದ ಚೂರು ತಗೊಂಡು..."

ಅಲಗು ಆಗಲೇ ಇಳಿದಿತ್ತು. ಸದ್ದೇ ಆಗಲಿಲ್ಲ. ಬೆನ್ನಿನ ಗೆರೆಯ ಮೇಲಿಂದ ನೀರಿನಲ್ಲಿ ಬೆರಳೆಳೆದಂತೆ ಹೋಗಿ, ಅಟ್ಟೆಯ ಹಿಮ್ಮಡಿ ಸುತ್ತಿ ಮರಳಿ ಬಂತು.

"ಏ! ಏ ರಂಡೇ! ನಿಲ್ಲಸು! ಹಿಡೀರಲೇ ಆಕೀನ!"

ಆಳುಗಳು ಎರಡು ಹೆಜ್ಜೆ ಬಂದು ನಿಂತರು. ಚೌಡಿ ಕತ್ತೆತ್ತಿ ಅವರನ್ನು ನೋಡಲಿಲ್ಲ. ಅವಳ ಕೈಯಲ್ಲಿ ಇದ್ದುದನ್ನು ಅವರು ನೋಡಿದರು. ಚಂದ್ರಶೇಖರಪ್ಪ ಮರದ ನೆರಳು ದಾಟಿ ಅಂಗಳದ ಅಂಚಿನವರೆಗೆ ಬಂದ. ಅಲ್ಲಿ ಬಾನಿಯ ಕೆಂಪು ನೀರಿನ ಕಲೆ ಇನ್ನೂ ಹಾಗೇ ಇತ್ತು. ಅದನ್ನು ತುಳಿಯಲಾರದೆ ಕಾಲು ಹಿಂತೆಗೆದ.

"ಸೋಮವಾರ ಅಯ್ನೋರು ಬರ್ತಾರಲೇ... ನಿನ್ನ ಗುಡಿಸಲಕ್ಕ ಬೆಂಕಿ ಹಚ್ಚಿಸ್ತೀನಿ, ನಿನ್ನ ಕೂಸು..."

ಅವಳು ಎರಡನೆಯ ಮೆಟ್ಟು ಇಟ್ಟು ಕೊಯ್ದಳು. ಆಮೇಲೆ ಪಟ್ಟಿಗಳನ್ನು. ಕೊಯ್ದ ಅಂಚುಗಳನ್ನು, ಪುಸ್ತಕದ ರಕ್ಷೆಗೆ ಹೆರೆಯುವಂತೆಯೇ, ಮಡಿಕೆ ದಪ್ಪವಾಗದ ಹಾಗೆ ತೆಳ್ಳಗೆ ಹೆರೆದಳು. ಪರೆಗಳು ಸುರುಳಿ ಸುರುಳಿಯಾಗಿ ಅವಳ ಮೊಣಕಾಲ ಸುತ್ತ ಬಿದ್ದವು. ಬೈಗುಳ ಬಹಳ ಹೊತ್ತು ಕೇಳಿಸಿತು. ಆಮೇಲೆ ದೂರವಾಯಿತು.

ಕೂಸನ್ನು ತೂಗುತ್ತ ಹುಚ್ಚ ಕಿವಿಗೊಟ್ಟು ಕೂತಿದ್ದ. "ಸದ್ದಿಲ್ಲ" ಅಂದ. "ಹದ ಐತಿ, ಮಗಳಾ."

*

ಸೋಮವಾರ ಬೆಳಿಗ್ಗೆ ಧಣಿಯ ಓಣಿಯಲ್ಲಿ ಸೆಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಜಗುಲಿಯ ಮೇಲೆ ಮಣೆ, ಮಣೆಯ ಮೇಲೆ ಪುರಾಣ. ರಕ್ಷೆಯಿಲ್ಲದ ಅದರ ಹೊಲಿಗೆ ಕಾಣದಂತೆ ರೇಷ್ಮೆ ಬಟ್ಟೆ ಹೊದಿಸಿದ್ದರು. ಕಮಲಾಕರ ಕಂಬದ ಮರೆಯಲ್ಲಿ ನಿಂತಿದ್ದ. ಎಲ್ಲರ ಕಣ್ಣು ಅಯ್ಯನವರ ಗಾಡಿ ಬರುವ ದಾರಿಯ ಮೇಲಿತ್ತು.

ಆ ದಾರಿಯಲ್ಲಿ ಚೌಡಿ ಬಂದಳು.

ಬೆನ್ನಿಗೆ ಕೂಸು. ಎಡಗೈಯಲ್ಲಿ ಕುರುಡ ಮಾವನ ಕೋಲಿನ ತುದಿ. ಸೊಂಟದ ಗಂಟಿನಲ್ಲಿ ಬಟ್ಟೆ ಸುತ್ತಿದ ರಂಪಿಗೆ. ಹಿಂದೆ, ಕೇರಿಯ ಕಡೆ, ಕಪ್ಪು ಹೊಗೆ ಏಳುತ್ತಿತ್ತು.

ಕೇರಿಯವರು ಈ ಓಣಿಯ ತುದಿಯಲ್ಲಿ ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ಹೋಗಬೇಕು. ಅವಳು ತುದಿಗೆ ಬಂದಳು. ನಿಲ್ಲಲಿಲ್ಲ. ಜಿಂಕೆಯ ಚುಕ್ಕೆಗಳಿದ್ದ ಮೆಟ್ಟುಗಳು ಗಂಡಸಿನ ಅಳತೆಯವು, ಅವಳ ಕಾಲಿಗೆ ಬಹಳ ದೊಡ್ಡವು. ಹೆಜ್ಜೆ ಹೆಜ್ಜೆಗೂ ಅವು ಹಿಮ್ಮಡಿಗೆ ಬಡಿದು ಸದ್ದು ಮಾಡಿದವು. ಚಟ್. ಚಟ್. ರಂಗೋಲಿಯ ಮೇಲೆ ಅಟ್ಟೆಯ ಗುರುತು ಮೂಡಿತು.

"ಎಲ್ಲಿಗೆ ಬಂದೇವ್ವಾ?" ಅಂದ ಹುಚ್ಚ.

"ಧಣ್ಯಾರ ಮನಿ ಮುಂದ."

"ಮೆಟ್ಟು?"

"ಕಾಲಾಗ ಅದಾವ್ರೀ."

ಮುದುಕ ಒಂದು ಕ್ಷಣ ಕೋಲನ್ನು ಬಿಗಿಯಾಗಿ ಹಿಡಿದ. ಆಮೇಲೆ ಹೆಜ್ಜೆ ಹಾಕಿದ. ಜಗುಲಿಯಿಂದ ಯಾರೋ ಕೂಗಿದರು. ದೊಣ್ಣೆಗಳು ಗೋಡೆಯಿಂದ ಕೈಗೆ ಬಂದ ಸದ್ದು ಕೇಳಿತು. ಗಂಡನನ್ನು ಒಯ್ದಿದ್ದ ಕಾರವಾರದ ದಾರಿ ಶಿರಸಿ ದಾಟಿ, ಘಟ್ಟ ಇಳಿದು, ಇನ್ನೂ ಬಹಳ ದೂರವಿತ್ತು. ಚೌಡಿ ಹಿಂದಿರುಗಿ ನೋಡದೆ, ಬೆನ್ನಿನ ಕೂಸಿನ ಕಾಲುಗಳನ್ನು ಬಲಗೈಯಿಂದ ಒತ್ತಿ ಹಿಡಿದುಕೊಂಡು ನಡೆದಳು.

ಚಟ್. ಚಟ್.