ಕೈ ಕೊಡತಕ್ಕದ್ದು

ತಪ್ಪು ಹಿಡಿಯುವುದೇ ಕಸುಬಾದವಳಿಗೆ ಹೆಸರಿಡದೆ ಜನ ಬಿಡುತ್ತಾರೆಯೇ? ಮುದ್ರಣಾಲಯದಲ್ಲಿ ಕರಡು ತಿದ್ದುವ ಹುಡುಗಿಗೆ ಬಂದ ಹೆಸರು ಕರಡಿ. ಕರಡು ಓದುವವಳು ಕರಡಿಯಲ್ಲದೆ ಇನ್ನೇನು ಎಂದು ಮೊದಲು ಅಂದವಳು ಏಣಿ. ಏಣಿ ಬೈಂಡಿಂಗ್ ವಿಭಾಗದವಳು, ಅಟ್ಟದ ಮೇಲಿನ ಕಾಗದದ ಕಟ್ಟನ್ನು ಸ್ಟೂಲಿಲ್ಲದೆ ಇಳಿಸುವಷ್ಟು ಉದ್ದ. ಆ ಹೆಸರನ್ನು ಇಟ್ಟವಳು ಕರಡಿ. ಹೀಗೆ ಇಬ್ಬರಿಗೂ ಸರಿಸಮ.

ಸಂಜೆಯಾದರೆ ಇಬ್ಬರೂ ಮುದ್ರಣಾಲಯದ ವಾಲಿಬಾಲ್ ತಂಡದವರು. ಕರಡಿ ಲಿಫ್ಟರ್, ಬಲೆಯ ಪಕ್ಕ ನಿಂತು ಚೆಂಡನ್ನು ಬೆರಳ ತುದಿಯಲ್ಲಿ ಮೇಲಕ್ಕೆತ್ತಿ ಕೊಡುವವಳು. ಏಣಿ ಅದನ್ನು ನೆಗೆದು ಹೊಡೆಯುವವಳು. ಹತ್ತು ವರ್ಷ ಇವಳು ಎತ್ತಿದ್ದೇ ಎತ್ತಿದ್ದು, ಅವಳು ಹೊಡೆದದ್ದೇ ಹೊಡೆದದ್ದು. ಕಣ್ಣು ಮುಚ್ಚಿ ಎತ್ತಿದರೂ ಅಲ್ಲಿ ಆ ಕೈ ಇರುತ್ತಿತ್ತು. ಪಂದ್ಯಕ್ಕೆ ಮೊದಲು ಕರಡಿಯ ಬಲಗೈ ಬೆರಳುಗಳಿಗೆ ಬಿಳಿ ಪಟ್ಟಿ ಸುತ್ತುವುದೂ ಏಣಿಯ ಕೆಲಸವೇ. ಪುಸ್ತಕ ಹೊಲಿದು ಪಳಗಿದ ಕೈ, ಪಟ್ಟಿ ಅಂಚಿಗೆ ಅಂಚು ಕೂರುತ್ತಿತ್ತು.

ಈ ವರ್ಷದ ಟೂರ್ನಿಗೆ ತಂಡಗಳ ಪಟ್ಟಿ ಎಂದಿನಂತೆ ಅಚ್ಚಿಗೆ ಬಂತು, ಎಂದಿನಂತೆ ಕರಡಿಯ ಮೇಜಿಗೂ ಬಂತು. ಬಿಸ್ಕತ್ತು ಕಾರ್ಖಾನೆಯ ತಂಡದ ಮೂರನೆಯ ಸಾಲಿನಲ್ಲಿ ಏಣಿಯ ಹೆಸರಿತ್ತು. ಏಣಿ ಆ ವಾರ ರಜೆಯಲ್ಲಿದ್ದಳು. ಅಕ್ಷರ ಜೋಡಿಸಿದವರ ಕಣ್ತಪ್ಪು ಎಂದುಕೊಂಡು ಕರಡಿ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಕಳಿಸಿದಳು. ಮಧ್ಯಾಹ್ನಕ್ಕೆ ಹಾಳೆ ವಾಪಸು ಬಂತು. ಹೊಡೆದು ಹಾಕಿದ ಹೆಸರಿನ ಕೆಳಗೆ ಸಾಲಾಗಿ ಚುಕ್ಕೆಗಳು, ಅಂಚಿನಲ್ಲಿ ಬರಹ: ‘ಇದ್ದ ಹಾಗೆ ಇರಲಿ.’

ಹತ್ತಿದ ಏಣಿಯನ್ನು ಒದ್ದವರ ಕಥೆ ಎಲ್ಲರೂ ಕೇಳಿದ್ದಾರೆ. ಏಣಿಯೇ ಒದ್ದು ಹೋದ ಕಥೆಯನ್ನು ಕರಡಿ ಯಾರ ಮುಂದೆ ಹೇಳಬೇಕು?

“ಬಿಸ್ಕತ್ ಹಾಕಿ ಕರ್ಕೊಂಡಿದ್ದಾರೆ, ಬಿಡೇ,” ಎಂದಳು ಕಾಗದ ಕತ್ತರಿಸುವ ಯಂತ್ರದ ಹುಡುಗಿ. ಅವಳಿಗೆ ಕತ್ತರಿ ಎಂದೇ ಹೆಸರು, ನಾಲಿಗೆಯೂ ಹಾಗೆಯೇ. “ಕೈ ಕೊಟ್ಲು, ಅಷ್ಟೆ.”

ಏಣಿಯ ಫೋನು ಎರಡು ಸಲ ಬಂತು. ಕರಡಿ ಎತ್ತಲಿಲ್ಲ. ಮೂರನೆಯ ಸಲ ಬರಲಿಲ್ಲ.

ಬೇಡ ಬೇಡವೆಂದರೂ ಕೊನೆಗೆ ಉಳಿದದ್ದು ಆ ಎರಡೇ ತಂಡ. ಫೈನಲ್ ಎಂದರೆ ಐದು ಪಂದ್ಯಗಳ ಸರಣಿ. ಮೊದಲು ಮೂರು ಗೆದ್ದವರಿಗೆ ಕಪ್. ಟೂರ್ನಿಯ ಕಾರ್ಯದರ್ಶಿ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಸರಣಿ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಬಂದು ಒಬ್ಬೊಬ್ಬರ ಕೈ ಕುಲುಕಬೇಕು ಎನ್ನುವುದು ಮೂವತ್ತು ವರ್ಷಗಳಿಂದ ಅವರು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದ ಪದ್ಧತಿ. ಈ ಸಲ ಅದನ್ನೂ ಭಿತ್ತಿಪತ್ರಕ್ಕೆ ಸೇರಿಸಿ, ತಮ್ಮ ದುಂಡು ಅಕ್ಷರದಲ್ಲಿ ಬರೆದು ಕಳಿಸಿದ್ದರು: ‘ಸರಣಿ ಮುಗಿದ ಕೂಡಲೇ ಉಭಯ ತಂಡದವರೂ ಪರಸ್ಪರ ಕೈ ಕೊಡತಕ್ಕದ್ದು.’

ಕರಡಿಯ ಪೆನ್ನು ಆ ಸಾಲಿನ ಮೇಲೆ ನಿಂತಿತು. ‘ಕೈ ಕುಲುಕತಕ್ಕದ್ದು’ ಎಂದು ತಿದ್ದಲು ಎಷ್ಟು ಹೊತ್ತು ಬೇಕು? ಅಲ್ಪವಿರಾಮ ವಾಲಿದ್ದರೂ ಸಮಾಧಾನವಿಲ್ಲದ ಹೆಣ್ಣು ಅವಳು. ಆದರೂ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯ ಮೂಲೆಯಲ್ಲಿ ‘ಸರಿಯಿದೆ’ ಎಂದು ಸಹಿ ಮಾಡಿದಳು.

ಐನೂರು ಪ್ರತಿ ಗೋಡೆ ಹತ್ತಿದವು. ಊರು ಬಿದ್ದು ಬಿದ್ದು ನಕ್ಕಿತು.

“ಕೈ ಕೊಡೋಕೂ ಕಾನೂನು ಬಂತಲ್ರಪ್ಪಾ!” ಎಂದ ಬಸ್ಸಿನಲ್ಲಿ ಒಬ್ಬ.

“ನಮ್ಮ ಭಾವ ಕಾನೂನು ಬರೋಕೆ ಮೊದ್ಲೇ ಪಾಲಿಸಿದ್ದ,” ಎಂದ ಇನ್ನೊಬ್ಬ.

ಬಸ್ಸು ಬಿಸ್ಕತ್ತು ಕಾರ್ಖಾನೆಯ ಮುಂದೆ ನಿಂತಾಗ ಕರಡಿ ಕಿಟಕಿಯಿಂದ ನೋಡಿದಳು. ಗೇಟಿಗೆ ಅಂಟಿಸಿದ್ದ ಪ್ರತಿಯಲ್ಲಿ, ಆ ಸಾಲಿನ ಕೆಳಗೆ, ಯಾರೋ ಕರಿ ಪೆನ್ನಿನಲ್ಲಿ ಒಂದು ಏಣಿಯ ಚಿತ್ರ ಬಿಡಿಸಿದ್ದರು. ನಗು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ.

ನಾಲ್ಕು ಪಂದ್ಯ ಮುಗಿದಾಗ ಎರಡು–ಎರಡು. ಐದನೆಯದರ ಹಿಂದಿನ ದಿನ ಮೇಷ್ಟ್ರು ಛತ್ರಿ ಊರಿಕೊಂಡು ಮುದ್ರಣಾಲಯದ ಊಟದ ಕೋಣೆಗೇ ಬಂದರು.

“ನೋಡಮ್ಮಾ,” ಎಂದರು ಕರಡಿಗೆ. ತಂಡದ ನಾಯಕಿ ಅವಳೇ. “ನಮ್ಮ ಕಾಲದಲ್ಲಿ ಕೈ ಕೊಡು ಅಂದ್ರೆ ಕೈ ಕೊಡು ಅಂತಲೇ ಅರ್ಥ ಇತ್ತು. ಈಗ ಎಲ್ರೂ ನಗ್ತಿದ್ದಾರೆ, ನಗಲಿ. ಬಲವಂತದ ಕೈ ನನಗೂ ಬೇಡ. ಬಿಸ್ಕತ್ತಿನವರು ಕೈ ಕುಲುಕೋಕೆ ಹೂಂ ಅಂದಿದ್ದಾರೆ. ನೀವೇನಂತೀರಿ?”

ಕತ್ತರಿ ಸುಮ್ಮನಿರುವವಳೇ? “ಎರಡು ತಿಂಗಳು ಹಲ್ಲು ಕಡಿದು, ಕೊನೇಲಿ ಹಲ್ಲು ಕಿರಿಯೋದು ಯಾವ ನಾಟಕ ಮೇಷ್ಟ್ರೇ? ಸೋತೋರಿಗೆ ನೆಮ್ಮದಿಯಾಗಿ ಅಳೋಕಾದ್ರೂ ಬಿಡಿ.”

ಶಾಯಿ ಬೆರೆಸುವ ಅಕ್ಕ ತಂಡದಲ್ಲೆಲ್ಲ ಹಿರಿಯಳು. ಅವಳ ಉಗುರಿನಲ್ಲಿ ಸದಾ ನೀಲಿ. “ಆಡೋಕೆ ಅವ್ರು ಬೇಕು, ಕೈ ಕುಲುಕೋಕೆ ಬೇಡ್ವೇನೇ? ಎದುರಿಗೆ ಅವ್ರಿಲ್ದಿದ್ರೆ ನೀನು ಚೆಂಡನ್ನ ಗೋಡೆಗೆ ಹೊಡೀತಾ ಕೂರ್ತಿದ್ದೆ.”

“ಗೋಡೆ ವಾಸಿ ಅಕ್ಕಾ. ಬೇರೆ ತಂಡಕ್ಕೆ ಹೋಗಲ್ಲ.”

ಎಲ್ಲರೂ ನಕ್ಕರು. ನಕ್ಕು ಕರಡಿಯ ಕಡೆ ನೋಡಿದರು.

“ನಾವು ಕೈ ಕುಲುಕಲ್ಲ ಮೇಷ್ಟ್ರೇ,” ಎಂದಳು ಕರಡಿ.

ಮೇಷ್ಟ್ರು ಮಡಚಿದ್ದ ಛತ್ರಿಯನ್ನೇ ಮತ್ತೊಮ್ಮೆ ಮಡಚಿಕೊಂಡು ಹೊರಟುಹೋದರು. ಫೋನು ಎತ್ತದವಳಿಗೆ, ದಾರಿ ಬದಲಿಸಿ ನಡೆಯುವವಳಿಗೆ ಏಣಿಯನ್ನು ಮುಟ್ಟಲು ಆ ಒಂದು ಸಾಲು ಉಳಿದಿತ್ತು. ಅದನ್ನೂ ತಾನೇ ಹೊಡೆದು ಹಾಕಿದ್ದಳು.

ಮನೆಗೆ ಬಂದರೆ ಅಜ್ಜಿ ಮುಸ್ಸಂಜೆಯ ಮಬ್ಬಿನಲ್ಲಿ ಕೂತಿದ್ದಳು. “ಏಣಿ ಬರದೆ ಎಷ್ಟು ದಿನ ಆಯ್ತೇ? ಬಲ್ಬು ಕೆಟ್ಟು ಹಾಗೇ ನೇತಾಡ್ತಿದೆ.”

“ಜಗಳ ಅಜ್ಜಿ.”

“ಜಗಳ ಅಂದ್ರೆ ಬಲಗೈಗೂ ಎಡಗೈಗೂ ಆಗಿತ್ತಲ್ಲ, ಅದು ಜಗಳ. ಬಲಗೈ ಅಂತಂತೆ, ಬರೆಯೋದು ನಾನು, ಉಣ್ಣಿಸೋದು ನಾನು, ನೀನ್ಯಾವ ಊರ ದೊಣ್ಣೆನಾಯಕ? ಎಡಗೈ ಮುನಿಸ್ಕೊಂಡು ಬೆನ್ನ ಹಿಂದೆ ಹೋಗಿ ಕೂತ್ಕೊಂಡ್ತು. ಒಂದು ದಿನ ಆಯ್ತು, ಎರಡು ದಿನ ಆಯ್ತು. ಮೂರನೇ ದಿನ ಬಲ ಮೊಣಕೈಗೆ ತುರಿಕೆ ಹತ್ತಿತು. ಬಲಗೈ ಹೀಗೆ ಬಗ್ಗಿತು, ಹಾಗೆ ಬಗ್ಗಿತು, ಊಹೂಂ! ಲೋಕಾನೆಲ್ಲ ಮುಟ್ಟಬಹುದು, ತನ್ನ ಮೊಣಕೈ ಮುಟ್ಟೋಕಾಗಲ್ಲ.”

“ಆಮೇಲೆ?”

“ಆಮೇಲೇನು? ತುರಿಕೆ.”

“ಅಲ್ಲಜ್ಜಿ, ಕಥೆ ಹೇಗೆ ಮುಗೀತು ಅಂತ.”

“ಮೊದ್ಲು ಬಲ್ಬು ಹಾಕ್ಸು. ಕತ್ತಲಲ್ಲಿ ನನಗೆ ಕೊನೆ ನೆನಪಾಗಲ್ಲ.”

ಮರುದಿನ ಒಳಾಂಗಣ ಕ್ರೀಡಾಂಗಣದ ಬೆಂಚಿನ ಮೇಲೆ ಕೂತು ಕರಡಿ ಎಡಗೈ ಒಂದು ಕಡೆ, ಹಲ್ಲು ಒಂದು ಕಡೆ ಎಳೆದು ಬಲಗೈ ಬೆರಳಿಗೆ ಪಟ್ಟಿ ಸುತ್ತಿಕೊಂಡಳು. ಈ ಸರಣಿಯುದ್ದಕ್ಕೂ ಅವಳು ಸುತ್ತಿಕೊಂಡದ್ದು ಹೀಗೆಯೇ. ಎರಡನೆಯ ಸೆಟ್ಟಿಗೇ ಅದು ಸಡಿಲಾಯಿತು.

ಕರಡಿಯಲ್ಲಿ ಒಂದು ಕುಂದಿತ್ತು. ಚೆಂಡನ್ನು ಎತ್ತಿದ ಮೇಲೆ ಅದು ಹೋದ ಕಡೆಗೇ ಮೈಮರೆತು ನೋಡುತ್ತಾಳೆ. ಎಡ ಭುಜದ ಹಿಂದೆ ಚಾಪೆ ಹಾಸುವಷ್ಟು ಜಾಗ ಖಾಲಿ ಉಳಿಯುತ್ತದೆ. ಲೋಕದಲ್ಲಿ ಅದು ಗೊತ್ತಿದ್ದದ್ದು ಒಬ್ಬಳಿಗೇ. ನಾಲ್ಕು ಪಂದ್ಯಗಳಲ್ಲಿ ಏಣಿ ಅಲ್ಲಿಗೆ ಒಂದು ಚೆಂಡನ್ನೂ ಹಾಕಿರಲಿಲ್ಲ. ಮರೆತಳೋ, ಕರುಣೆ ತೋರಿಸುತ್ತಿದ್ದಾಳೋ ಎಂದು ಕರಡಿ ಒಳಗೊಳಗೇ ಕುದ್ದಿದ್ದಳು.

ಹದಿನೈದಕ್ಕೆ ಮುಗಿಯುವ ಕೊನೆಯ ಸೆಟ್ಟು. ಬಿಸ್ಕತ್ತಿನವರದು ಹದಿನಾಲ್ಕು, ಇವರದು ಹದಿಮೂರು. ಏಣಿ ನೆಗೆದಳು. ಸಿಡಿಲಿಗೆ ಕಾದವರಂತೆ ಮುದ್ರಣಾಲಯದ ಹುಡುಗಿಯರೆಲ್ಲ ಹಿಂದಕ್ಕೆ ಸರಿದರು. ಸಿಡಿಲು ಬರಲಿಲ್ಲ. ಏಣಿ ಎರಡು ಬೆರಳಿನಲ್ಲಿ ಚೆಂಡನ್ನು ಮುಟ್ಟಿ, ಕರಡಿಯ ಎಡ ಭುಜದ ಹಿಂದೆ, ಸರಿಯಾಗಿ ಆ ಚಾಪೆಯ ಮೇಲೆ, ಮಗುವನ್ನು ಮಲಗಿಸಿದ ಹಾಗೆ ಇಟ್ಟಳು. ಕರಡಿ ತಿರುಗಿ ಹಾರಿದಳು. ಸಿಕ್ಕಿದ್ದು ನೆಲ.

ಸೀಟಿ. ಚಪ್ಪಾಳೆ. ಸೋಲು.

“ನಡೀರೇ,” ಎಂದು ಕತ್ತರಿ ಚೀಲ ಹೆಗಲಿಗೆ ಹಾಕಿದಳು. ತಂಡ ಬಾಗಿಲ ಕಡೆ ಹೊರಟಿತು. ಕರಡಿ ಎದ್ದು ಕೂತಳು. ನೆಲಕ್ಕೆ ಉಜ್ಜಿದ ಬಲ ಮೊಣಕೈ ಉರಿಯುತ್ತಿತ್ತು. ಬಲೆಯ ಆಚೆ ಬಿಸ್ಕತ್ತಿನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಏಣಿ ಕುಣಿಯುತ್ತಿರಲಿಲ್ಲ. ಬಲೆಯವರೆಗೆ ಬಂದು ನಿಂತಿದ್ದಳು. ಅಂಗೈಯನ್ನು ಅಂಗಿಗೆ ಒರೆಸಿಕೊಂಡಳು. ಹೊರಟವರ ಬೆನ್ನು ನೋಡಿದಳು. ಆಮೇಲೆ ತಾನೂ ತಿರುಗಿದಳು.

ಮರೆತಿರಲಿಲ್ಲ ಹಾಗಾದರೆ, ಎಂದುಕೊಂಡಳು ಕರಡಿ. ಕರುಣೆಯನ್ನೂ ಇವತ್ತು ತೋರಿಸಲಿಲ್ಲ. ಎರಡು ತಿಂಗಳಿಂದ ಎದೆಯಲ್ಲಿ ಕೂತಿದ್ದ ಕಲ್ಲೊಂದು, ಸೋತ ಗಳಿಗೆಯಲ್ಲೇ, ಏಕೋ ಸ್ವಲ್ಪ ಸರಿಯಿತು. ಬಗ್ಗಿ ಬಲೆಯ ಕೆಳಗೆ ನುಸುಳಿದಳು.

“ಏಣೀ.”

ಏಣಿ ತಿರುಗಿದಳು. ಕರಡಿ ಕೈ ಚಾಚಿದಳು. ಏಣಿ ಆ ಕೈ ಹಿಡಿದಳು, ಆದರೆ ಕುಲುಕಲಿಲ್ಲ. ಕಣ್ಣಿನ ಹತ್ತಿರ ತಂದು ನೋಡಿದಳು.

“ಯಾರೇ ಸುತ್ತಿದ್ದು ಈ ಪಟ್ಟಿನ?”

“ನಾನೇ.”

“ಗೊತ್ತಾಗ್ತಿದೆ. ಹರಿದ ಚೀಲದ ಬಾಯಿ ಕಟ್ಟಿದ ಹಾಗಿದೆ. ಇದ್ರಲ್ಲೇ ಐದೂ ಪಂದ್ಯ ಆಡಿದ್ಯಾ?”

“ಭಿತ್ತಿಪತ್ರದ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು ಕಣೇ,” ಎಂದಳು ಕರಡಿ ಒಂದೇ ಉಸಿರಿಗೆ. “ಬೇಕಂತಲೇ ಬಿಟ್ಟೆ.”

“ಗೊತ್ತು. ನಿನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೆ ಕೂಡ ಹೊಸ್ತಿಲು ದಾಟಲ್ಲ.” ಏಣಿ ಪಟ್ಟಿಯ ತುದಿ ಹುಡುಕುತ್ತಿದ್ದಳು. “ಗೇಟಲ್ಲಿ ಏಣಿ ಬರೆದೋರು ಯಾರೋ. ಮೆಟ್ಟಿಲು ಕೂಡ ನೆಟ್ಟಗಿರ್ಲಿಲ್ಲ.”

“ನೀನ್ಯಾಕೆ ನನಗೆ ಹೇಳ್ಲಿಲ್ಲ?”

“ಹೊಲಿಗೆಗೆ ಯಂತ್ರ ಬಂತಲ್ಲ, ನನಗುಳಿದಿದ್ದು ಧೂಳು ಹೊಡೆಯೋ ಕೆಲಸ. ಬಿಸ್ಕತ್ತಿನೋರು ಕೆಲಸ ಕೊಡ್ತೀವಿ ಅಂದ್ರು. ಹೇಳಿದ್ರೆ ನೀನು ಹೋಗ್ಬೇಡ ಅಂತಿದ್ದೆ. ನೀನು ಅಂದಿದ್ರೆ ನಾನು ಹೋಗ್ತಿರ್ಲಿಲ್ಲ.” ಏಣಿ ತಲೆ ಎತ್ತಲಿಲ್ಲ. “ಅದೂ ಕೈ ಕೊಟ್ಟ ಹಾಗೇ, ಬಿಡು.”

“ಎಡ ಭುಜದ ಹಿಂದೆ ಹಾಕಿದ್ಯಲ್ಲೇ ಪಾಪಿ!”

“ನಾಲ್ಕು ಪಂದ್ಯ ತಡ್ಕೊಂಡಿದ್ದೆ. ಇವತ್ತೂ ತಡ್ಕೊಂಡು ಸೋತಿದ್ರೆ ನೀನು ನನ್ನ ಮುಖ ನೋಡ್ತಿದ್ಯಾ?”

ಬಲೆಯ ಹತ್ತಿರ ಯಾರೋ ಅಯ್ಯೋ ಎಂದರು. ಶಾಯಿ ಅಕ್ಕ ಮಂಡಿ ಹಿಡಿದುಕೊಂಡು ಬಲೆಯ ಕೆಳಗೆ ನುಸುಳುತ್ತಿದ್ದಳು. ಅವಳ ಹಿಂದೆ ಇಬ್ಬರು, ಸ್ವಲ್ಪ ತಡೆದು ಇನ್ನಿಬ್ಬರು. ಸಾಲೇನೂ ನೆಟ್ಟಗಿರಲಿಲ್ಲ, ಯಾರು ಯಾರ ಕೈ ಕುಲುಕಿದರು, ಯಾರನ್ನು ಬಿಟ್ಟರು ಎಂದು ದೇವರಿಗೇ ಗೊತ್ತು. ಕತ್ತರಿ ಮಾತ್ರ ಬರಲಿಲ್ಲ. ಬಾಗಿಲಲ್ಲೇ ಚೀಲದ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ಗೆದ್ದವರು ಬಿಸ್ಕತ್ತಿನ ಪೊಟ್ಟಣ ಹಂಚಿದಾಗ ಎರಡು ತೆಗೆದುಕೊಂಡಳು. “ಇದು ಬೇರೆ ವಿಷಯ,” ಎಂದಳು.

ಮೇಷ್ಟ್ರು ಕನ್ನಡಕ ಒರೆಸುತ್ತ ಕರಡಿಯ ಹತ್ತಿರ ಬಂದರು. “ಮುಂದಿನ ವರ್ಷ ಆ ಸಾಲನ್ನ ಹೇಗೆ ಬರೀಲಮ್ಮಾ?”

ಕರಡಿ ಯೋಚಿಸಿದಳು. “ಇದ್ದ ಹಾಗೆ ಇರಲಿ ಮೇಷ್ಟ್ರೇ.”

ಏಣಿ ಅಷ್ಟರಲ್ಲಿ ಹಳೆಯ ಪಟ್ಟಿ ಕಿತ್ತು, ತನ್ನ ಜೇಬಿನ ಸುರುಳಿಯಿಂದ ಹೊಸದು ಸುತ್ತಲು ಶುರುಮಾಡಿದ್ದಳು.

“ಪಂದ್ಯ ಮುಗೀತಲ್ಲೇ, ಈಗ್ಯಾಕೆ?”

“ಮುಗೀಲಿ. ನೋಡೋಕಾಗ್ತಿಲ್ಲ ಇದನ್ನ.”

“ಮನೇಲಿ ಬಲ್ಬು ಹೋಗಿದೆ,” ಎಂದಳು ಕರಡಿ. “ಅಜ್ಜಿಗೆ ಕಥೆ ಕೊನೆ ನೆನಪಾಗ್ತಿಲ್ವಂತೆ.”

“ಸಂಜೆ ಬರ್ತೀನಿ.”

“ಮತ್ತೆ ಕೈ ಕೊಡ್ಬೇಡ.”

“ಈಗ ಕೈ ಕೊಟ್ಟೋಳು ನೀನು, ಹಿಡ್ಕೊಂಡೋಳು ನಾನು,” ಎಂದಳು ಏಣಿ. “ಅಲ್ಲಾಡ್ಬೇಡ, ಸುಮ್ನಿರು.”