ಸೊರಬದ ಮೂರು ಕರೆ

ವಸೂಲಿಯವರು ಮೊದಲ ಸಲ ಮನೆಗೆ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಲೋಕಪ್ಪ ಆಗ ಮೆಕ್ಕೆಜೋಳ ನೋಡಲು ಈಸೂರಿನ ಕಡೆ ಹೋಗಿದ್ದ. ಬಂದವರು ಇಬ್ಬರು. ಒಬ್ಬ ಎಂಜಿನ್ ಆರಿಸದೆ ಬೈಕಿನ ಮೇಲೆಯೇ ಕೂತಿದ್ದ. ಇನ್ನೊಬ್ಬ, ಮೈಕೈ ತುಂಬಿಕೊಂಡ ನಡುವಯಸ್ಸಿನವನು, ಚಪ್ಪಲಿ ಬಿಟ್ಟು ಜಗುಲಿಗೆ ಬಂದು ಕೇಳದೆಯೇ ಕುರ್ಚಿ ಎಳೆದುಕೊಂಡ.

"ಲೋಕಪ್ಪನೋರ ಮನಿ ಇದೇ ಅಲ್ರೀ? ನಾನು ಉಚ್ಚಂಗಪ್ಪ, ದಾವಣಗೆರೆಯಿಂದ. ಮೊಬೈಲ್ ಕಂಪನಿ ಬಾಕಿ ವಸೂಲಿ ಮಾಡೋರು ನಾವು."

"ಬಾಕಿನಾ? ಎಷ್ಟು?" ಎಂದಳು ನೀಲಾಂಬಿಕ.

"ಹನ್ನೊಂದು ಸಾವಿರದ ಆರುನೂರು. ನಿಮಗೆ ಹೇಳಿಲ್ಲೇನು?"

ಹೇಳಿರಲಿಲ್ಲ. ಹಿಂದಿನ ದೀಪಾವಳಿಗೆ, ಅಂದರೆ ತೊಂಬತ್ತೆಂಟರಲ್ಲಿ, ಲೋಕಪ್ಪ ದಾವಣಗೆರೆಯಿಂದ ಮೊಬೈಲ್ ತಂದಾಗ ಪೇಟೆಯ ಅರ್ಧ ಜನ ಅವನ ಜೋಳದ ಅಂಗಡಿಗೆ ಬಂದು ಮುಟ್ಟಿ ನೋಡಿ ಹೋಗಿದ್ದರು. ಶಿಕಾರಿಪುರದಲ್ಲಿ ಅದಕ್ಕೆ ಸಿಗ್ನಲ್ ಇರಲಿಲ್ಲ. ವಾರಕ್ಕೆರಡು ಸಲ ಜೋಳದ ಲೋಡಿನ ಜೊತೆ ದಾವಣಗೆರೆಗೆ ಹೋದಾಗ ಮಾತ್ರ ಜೀವ ಬರುತ್ತಿತ್ತು. ಆದರೂ ಅವನು ಅದನ್ನು ಅಂಗಿಯ ಜೇಬಿನಿಂದ ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಂಡೇ ಓಡಾಡುತ್ತಿದ್ದ. ಎರಡು ತಿಂಗಳಿಂದ ಜೇಬು ಖಾಲಿಯಾಗಿದ್ದುದನ್ನು ನೀಲಾಂಬಿಕ ಗಮನಿಸಿದ್ದಳು. ಕೇಳಿದರೆ ರಿಪೇರಿಗೆ ಕೊಟ್ಟಿದ್ದೇನೆ ಎಂದಿದ್ದ. ಕಂಪನಿಯವರೇ ಲೈನ್ ಕತ್ತರಿಸಿದ್ದಾರೆಂದು ಈಗ ತಿಳಿಯಿತು.

ಉಚ್ಚಂಗಪ್ಪ ಚೀಲದಿಂದ ನಾಲ್ಕು ಹಾಳೆ ತೆಗೆದು ಅವಳ ಮುಂದಿಟ್ಟ. "ಓದ್ಕೊಳ್ರಿ. ಯಾವ ದಿನ, ಎಷ್ಟ್ ಹೊತ್ತಿಗೆ, ಯಾವ ನಂಬರಿಗೆ, ಎಲ್ಲಾ ಐತಿ. ನಿಮ್ಮನೆಯೋರು ಒಂದೂ ಕಾಲ್ ನಂದಲ್ಲ ಅಂತಾರ. ಒಂದೂ! ಹಂಗಾರ ಫೋನ್ ಯಾಕ್ ತಗೊಂಡ್ರು, ಬಟ್ಟಿ ಇಸ್ತ್ರಿ ಮಾಡಾಕಾ?"

ಹಾಳೆ ತುಂಬ ಮುಂಬೈ ನಂಬರುಗಳು. ನಲವತ್ತು ನಿಮಿಷ, ಐವತ್ತು ನಿಮಿಷ. ಮುಂಬೈಯಲ್ಲಿ ತಮಗೆ ಯಾರೂ ಇಲ್ಲ, ಇದು ಯಾರದೋ ತಪ್ಪು ಎಂದು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಮೂರನೇ ಹಾಳೆಯ ಮೇಲೆ ನಿಂತಿತು. ಸೊನ್ನೆ ಎಂಟು ಒಂದು ಎಂಟು ನಾಲ್ಕು. ಅದು ಸೊರಬದ ಕೋಡ್. ಆನವಟ್ಟಿಯ ಚಿಕ್ಕಮ್ಮನಿಗೆ ಫೋನ್ ಮಾಡಿ ಮಾಡಿ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಇದು ಚಿಕ್ಕಮ್ಮನ ನಂಬರಲ್ಲ. ಒಂದೇ ನಂಬರು, ಡಿಸೆಂಬರ್ ತಿಂಗಳಲ್ಲಿ ಮೂರು ಸಲ.

"ಇದೊಂದು ಪ್ರತಿ ನನಗೆ ಕೊಡ್ರಿ," ಎಂದಳು. ಉಚ್ಚಂಗಪ್ಪ ಸಂತೋಷದಿಂದಲೇ ಕೊಟ್ಟ.

ಸೊರಬ ಎಂದರೆ ಆ ಮನೆಯಲ್ಲಿ ಒಂದೇ ಅರ್ಥ. ಮದುವೆಗೆ ಮೊದಲು ಲೋಕಪ್ಪ ಬಳ್ಳಿಗಾವಿಯಲ್ಲಿ ಸರ್ವಮಂಗಳ ಎಂಬ ಹುಡುಗಿಯನ್ನು ನೋಡಿ ಬಂದಿದ್ದ. ಅವನು ಒಪ್ಪಿದ್ದ, ಅವನ ತಾಯಿಯಂತೂ ಕುಣಿದಾಡಿದ್ದಳು. ಹುಡುಗಿಯ ತಂದೆ, ಉಡುತಡಿಯಿಂದ ಬಂದು ಸಂತೆಯಲ್ಲಿ ಜೋಳ ಅಳೆಯುವವನ ಮಗನಿಗೆ ಕೊಡುವುದಿಲ್ಲವೆಂದು ಹೇಳಿ, ಸೊರಬದ ಕಬ್ಬಿಣದ ವ್ಯಾಪಾರಿ ಉಜ್ಜಪ್ಪನಿಗೆ ಕೊಟ್ಟ. ನೀಲಾಂಬಿಕ ಸೊಸೆಯಾಗಿ ಬಂದ ಮೇಲೆ ಹೋಳಿಗೆ ಹರಿದರೆ, ರೊಟ್ಟಿ ಸೀದರೆ ಅತ್ತೆ ಹೇಳುತ್ತಿದ್ದುದು ಒಂದೇ ಮಾತು: "ಆ ಸೊರಬದಾಕಿ ಬಂದಿದ್ರ ಹಿಂಗ ಆಗ್ತಿರಲಿಲ್ಲ." ಅತ್ತೆ ಸತ್ತು ಐದು ವರ್ಷವಾಗಿತ್ತು. ಮಾತು ಮಾತ್ರ ಸತ್ತಿರಲಿಲ್ಲ.

ಸಂಜೆ ಗಂಡನಿಗೆ ಬಡಿಸುತ್ತಾ ಅವಳು ಬಿಲ್ಲಿನ ವಿಷಯ ತೆಗೆದಳು.

"ಅದು ಸುಳ್ಳು ಬಿಲ್ಲು," ಎಂದ ಲೋಕಪ್ಪ. "ಯಾವನೋ ಮಾತಾಡಿದ್ದು ನನ್ನ ತಲೆಗೆ ಕಟ್ಟ್ಯಾರ. ಒಂದೂ ನಂದಲ್ಲ."

"ಸೊರಬದ್ದೂ ಅಲ್ವಾ?"

ತುತ್ತು ಹಿಡಿದ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಬಹಳ ಹೊತ್ತಲ್ಲ, ಒಂದು ಕ್ಷಣ. "ಅಲ್ಲ," ಎಂದು ಹೇಳಿ ಅವನು ತುತ್ತನ್ನು ಬಾಯಿಗಿಟ್ಟುಕೊಂಡ.

ಅಂದಿನಿಂದ ನೀಲಾಂಬಿಕ ವಸೂಲಿಯವರ ಕಡೆಯವಳಾದಳು. ಮುಂದಿನ ಸೋಮವಾರ ಬೈಕಿನ ಸದ್ದು ಕೇಳುತ್ತಲೇ ಲೋಕಪ್ಪ, "ಊರಲ್ಲಿಲ್ಲ ಅನ್ನು," ಎಂದು ಹಿತ್ತಲಿಗೆ ಸರಿದ. ಉಚ್ಚಂಗಪ್ಪ ಬಾಗಿಲಿಗೆ ಬಂದಾಗ ಅವಳು, "ಹಿತ್ತಲಾಗ ಅದಾರ, ಕುಂದ್ರಿ, ಕರೀತೀನಿ," ಎಂದಳು. ಕೈಕಾಲು ತೊಳೆಯುವ ನೆಪ ಮಾಡಿಕೊಂಡು ಒಳಗೆ ಬಂದ ಗಂಡನ ಮುಖ ನೋಡಿ ಅವಳಿಗೆ ಒಳಗೊಳಗೇ ಹಿತವೆನಿಸಿತು.

"ಸ್ವಾಮಿ, ನಾನು ಆ ಕಾಲ್ ಮಾಡಿಲ್ಲ," ಎಂದ ಲೋಕಪ್ಪ. "ಈ ಊರಾಗ ಸಿಗ್ನಲ್ಲೇ ಇಲ್ಲ. ಇಲ್ಲಿ ಇದ್ದ ದಿನಾನೂ ಮುಂಬೈಗೆ ಮಾತಾಡೀನಿ ಅಂತ ಬರದಾರ."

"ಫೋನ್ ನಿಮ್ ಜೇಬಿನಾಗೇ ಇತ್ತು ಅನ್ನೋದಕ್ಕ ಸಾಕ್ಷಿ ಏನ್ರೀ? ಯಾರಿಗೋ ಕೊಟ್ಟಿರ್ತೀರಿ. ಕಂಪನಿ ಮಷಿನ್ ಸುಳ್ಳು ಹೇಳೂದಿಲ್ಲ. ಸುಳ್ಳು ಹೇಳೋರು ಮನುಷ್ಯರು."

ಒಳಬಾಗಿಲಲ್ಲಿ ನಿಂತಿದ್ದ ನೀಲಾಂಬಿಕ ಆ ಮಾತಿಗೆ ತನಗರಿವಿಲ್ಲದೆ ತಲೆ ಆಡಿಸಿದಳು. ಅದನ್ನು ಉಚ್ಚಂಗಪ್ಪ ನೋಡಿದ. ಲೋಕಪ್ಪನೂ ನೋಡಿದ.

ಆ ವಾರ ಅವರು ಅಂಗಡಿಗೇ ಬಂದು ಕೂತರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜೋಳದ ಚೀಲಗಳ ಮೇಲೆ ಕೂತು, ಬಂದ ಬಂದ ರೈತರಿಗೆಲ್ಲ, "ನೋಡ್ಕೊಂಡು ಮಾಲ್ ಹಾಕ್ರಪ್ಪ, ಇವ್ರು ಮಾತಾಡಿದ್ದಕ್ಕೇ ದುಡ್ಡು ಕೊಡಂಗಿಲ್ಲ," ಎನ್ನುತ್ತಿದ್ದರಂತೆ. ಹದಿನೈದು ವರ್ಷ ಲೋಕಪ್ಪನಿಗೇ ಜೋಳ ಹಾಕಿದ ವೀರಬಸಪ್ಪ ಅಂದು ಗಾಡಿ ತಿರುಗಿಸಿಕೊಂಡು ಬೇರೆ ಅಂಗಡಿಗೆ ಹೋದ. ಮನೆಗೆ ಬಂದ ಲೋಕಪ್ಪ ಊಟ ಬೇಡವೆಂದ. ಅವಳು ಒತ್ತಾಯ ಮಾಡಲಿಲ್ಲ. ಇವನು ಕೊರಗುತ್ತಿರುವುದು ಮಾನ ಹೋಯಿತೆಂದೋ, ಗುಟ್ಟು ಹೊರಬಿತ್ತೆಂದೋ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಅವಳನ್ನು ಹೆಚ್ಚು ಸುಡುತ್ತಿದ್ದದ್ದು ಬೇರೆಯದೇ. ಮನೆಯಲ್ಲೂ ಫೋನ್ ಇತ್ತು. ದಾವಣಗೆರೆಯಿಂದ ಒಂದು ದಿನವಾದರೂ ಅವನು ಆ ಮೊಬೈಲಿನಿಂದ ಮನೆಗೆ ಫೋನ್ ಮಾಡಿರಲಿಲ್ಲ. ನಾಲ್ಕು ಹಾಳೆಯನ್ನೂ ಹುಡುಕಿದ್ದಳು. ತನ್ನ ಮನೆಯ ನಂಬರು ಅದರಲ್ಲಿ ಎಲ್ಲೂ ಇರಲಿಲ್ಲ.

ಮರುದಿನ ಅವಳು ಬಸ್‌ಸ್ಟ್ಯಾಂಡಿನ ಬಳಿಯ ವಲೀಸಾಬರ ಎಸ್‌ಟಿಡಿ ಬೂತಿಗೆ ಹೋಗಿ ಆ ನಂಬರು ಒತ್ತಿದಳು. ಆ ಕಡೆ ಹೆಂಗಸಿನ ದನಿ. "ಹಲೋ, ಉಜ್ಜಪ್ಪನೋರ ಮನೆ. ಯಾರು?" ನೀಲಾಂಬಿಕ ಫೋನ್ ಇಟ್ಟುಬಿಟ್ಟಳು.

"ಲೈನ್ ಸಿಗ್ಲಿಲ್ವಾ ಅಮ್ಮಾ?" ಎಂದರು ವಲೀಸಾಬರು.

"ಸಿಕ್ತು," ಎಂದಳು.

ಶನಿವಾರ, ಆನವಟ್ಟಿಯ ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಗಂಡನಿಗೆ ಹೇಳಿ, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಸೊರಬಕ್ಕೆ ಹೋದಳು. ಹೆಚ್ಚು ಉಡದ ಹಸಿರು ರೇಷ್ಮೆಸೀರೆ ಉಟ್ಟಿದ್ದಳು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದಳು. ಅತ್ತೆಯ ಮಾತಿನಲ್ಲಿದ್ದ ಸರ್ವಮಂಗಳ ಎತ್ತರದ, ಕೆಂಪು ಬಣ್ಣದ, ಕಣ್ಣಲ್ಲೇ ಮಾತಾಡುವ ಹೆಂಗಸು. ಅವಳ ಜೊತೆಗೇ ಹದಿನಾರು ವರ್ಷ ಸಂಸಾರ ಮಾಡಿದಂತೆ ಆಗಿತ್ತು ನೀಲಾಂಬಿಕಳಿಗೆ.

ಉಜ್ಜಪ್ಪನ ಅಂಗಡಿ ಮುಖ್ಯರಸ್ತೆಯಲ್ಲೇ ಇತ್ತು, ಮನೆ ಅದರ ಹಿಂದೆ. ಗಲ್ಲಾದಲ್ಲಿ ಉಜ್ಜಪ್ಪ ಪೇಪರು ಓದುತ್ತಿದ್ದ. ತಕ್ಕಡಿಯ ಹತ್ತಿರ ಕುಳ್ಳಗಿನ ಹೆಂಗಸೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಳೆ ತೂಗುತ್ತಿದ್ದಳು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು.

"ಎಂತ ಬೇಕಿತ್ತು?" ಎಂದು ಕೇಳಿದಳು. ಫೋನಿನ ದನಿ ಅದೇ.

"ಮೊಳೆ. ಎರಡಿಂಚಿಂದು. ಅರ್ಧ ಕೆಜಿ."

"ಎಲ್ಲಾಯ್ತು ನಿಮಗೆ?"

"ಶಿಕಾರಿಪುರ."

ಹೆಂಗಸು ತಕ್ಕಡಿ ಬಿಟ್ಟು, ಗಲ್ಲಾದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ನೀವು ಆ ಮೊಬೈಲ್ ಲೋಕಪ್ಪನೋರ ಕಡೆಯೋರಾ?"

ನೀಲಾಂಬಿಕ ಕೂಡಿಸಿಕೊಂಡು ಬಂದ ಮಾತೆಲ್ಲ ಚೆದುರಿತು. "ಹೆಂಡತಿ," ಎಂದಳು.

"ಅಯ್ಯೋ, ಬನ್ನಿ ಒಳಗೆ, ಕೂತ್ಕಳಿ," ಎಂದು ಸರ್ವಮಂಗಳ ಅವಳನ್ನು ಪೈಪುಗಳ ರಾಶಿಯ ಹಿಂದೆ ಕರೆದೊಯ್ದು ಸ್ಟೂಲು ಹಾಕಿದಳು. "ಒಳ್ಳೇದಾಯ್ತು ಬಂದಿದ್ದು. ನಿಮ್ಮೋರಿಗೆ ಒಂದು ಮಾತು ಹೇಳಿ ಮಾರಾಯ್ರೆ. ಇನ್ನು ಫೋನ್ ಮಾಡ್‌ಬ್ಯಾಡಿ ಅಂತ. ಮೊನ್ನೆ ದಾವಣಗೆರೆಯಿಂದ ಯಾರೋ ವಸೂಲಿಯೋರು ಫೋನ್ ಮಾಡಿ, ಲೋಕಪ್ಪ ನಿಮ್ಮನೆಯೋಳಿಗೆ ಏನಾಗ್ಬೇಕು ಅಂತ ನಮ್ಮೋರ ಹತ್ರ ಕೇಳಿದಾರೆ. ನಾಲ್ಕು ದಿನ ನನ್ನ ಕೈಲಿ ಊಟ ಹಾಕಿಸ್ಕಳ್ಲಿಲ್ಲ ಇವ್ರು."

"ಏನು ಮಾತಾಡಿದ್ರು ನಿಮ್ಮ ಹತ್ರ?"

"ಎಂತ ಮಾತು! ಮೊದಲನೇ ಸಲ, 'ನಾನು ಲೋಕಪ್ಪ, ಮೊಬೈಲಿಂದ ಮಾತಾಡ್ತಿದೀನಿ' ಅಂದ್ರು. ಯಾವ ಲೋಕಪ್ಪ ಅಂದೆ. ಉಡುತಡಿ ಅಂದ್ರು. ನಂಗೆ ಗೊತ್ತಾಗ್ಲೇ ಇಲ್ಲ. ಕಂಪನಿ ಕಡೆಯೋರು ಅಂದ್ಕಂಡು ಇಟ್ಟೆ. ಎರಡನೇ ಸಲ, ಬಳ್ಳಿಗಾವಿಗೆ ನಿಮ್ಮನ್ನ ನೋಡಕ್ಕೆ ಬಂದಿದ್ದೆ ಅಂದ್ರು. ನನ್ನ ನೋಡಕ್ಕೆ ಹದಿನಾಲ್ಕು ಜನ ಬಂದಿದ್ರು ಮಾರಾಯ್ರೆ, ಎಲ್ಲರಿಗೂ ಉಪ್ಪಿಟ್ಟು ಕೊಟ್ಟಿದ್ದೊಂದು ನೆನಪು. ಅವತ್ತು ಬುಧವಾರ, ಹನ್ನೊಂದು ಗಂಟೆ, ಸಿಮೆಂಟ್ ಲಾರಿ ಬಂದು ನಿಂತಿತ್ತು. ನಾನು ಚೀಲ ಎಣಿಸ್ತಾ ಇದ್ದೆ. ನಿಮ್ಮೋರು ಮೊಬೈಲ್ ಹೆಂಗೆ ಕೆಲಸ ಮಾಡ್ತದೆ, ಎಷ್ಟು ಕೊಟ್ಟೆ, ಅದನ್ನೇ ಹೇಳ್ತಿದ್ರು. ಹ್ಞೂಂ ಹ್ಞೂಂ ಅಂದೆ. ಮೂರನೇ ಸಲ ನಮ್ಮೋರೇ ಎತ್ತಿದ್ರು. ಅಷ್ಟೇ."

ಹಗುರಾಗಬೇಕಿತ್ತು. ಆದರೆ ನೀಲಾಂಬಿಕಳಿಗೆ ಸಿಟ್ಟು ಬಂತು. ಯಾವ ಲೋಕಪ್ಪ ಅಂತೆ! ಹದಿನಾರು ವರ್ಷ ತನ್ನ ಒಲೆಯ ಮುಂದೆ ಕೂತಿದ್ದವಳಿಗೆ ತನ್ನ ಗಂಡನ ಹೆಸರೂ ನೆನಪಿಲ್ಲ. ಬಂದ ಹದಿನಾಲ್ಕು ಜನರಲ್ಲಿ ಒಬ್ಬ. "ಹೇಳ್ತೀನಿ," ಎಂದು ಎದ್ದಳು. ಸರ್ವಮಂಗಳ ಕಾಫಿ ಕುಡಿದು ಹೋಗಲು ಹೇಳಿದಳು. ನಿಲ್ಲಲಿಲ್ಲ. ಮೊಳೆಗೆ ದುಡ್ಡು ಕೊಟ್ಟೇ ಹೊರಟಳು. ಉಜ್ಜಪ್ಪ ಪೇಪರಿನ ಮೇಲಿಂದ ಅವಳನ್ನು ಅಳೆಯುವಂತೆ ನೋಡಿದ. ಆ ಅನುಮಾನದ ನೋಟ ಎಂಥದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶಿರಾಳಕೊಪ್ಪದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಅವಳು ಹಾಳೆ ತೆಗೆದು ಆ ಎರಡನೇ ಕರೆಯ ಸಾಲಿನ ಮೇಲೆ ಬೆರಳಿಟ್ಟಳು. ಡಿಸೆಂಬರ್ ಒಂಬತ್ತು, ಹನ್ನೊಂದು ಹತ್ತು, ಸೊರಬ, ಆರು ನಿಮಿಷ. ಇಷ್ಟು ದಿನ ಅವಳು ಆ ಮೂರು ಸಾಲು ಬಿಟ್ಟು ಬೇರೆ ಯಾವ ಕರೆಯ ಗಂಟೆಯನ್ನೂ ನೋಡಿರಲಿಲ್ಲ. ಈಗ ಬೆರಳು ಜಾರಿ ಮೇಲಿನ ಸಾಲಿಗೆ ಹೋಯಿತು. ಡಿಸೆಂಬರ್ ಒಂಬತ್ತು, ಹತ್ತು ಐವತ್ತೆರಡು, ಮುಂಬೈ, ನಲವತ್ತೊಂದು ನಿಮಿಷ.

ಎರಡು ಸಲ ಲೆಕ್ಕ ಮಾಡಿದಳು. ಮುಂಬೈ ಮಾತು ಮುಗಿದದ್ದು ಹನ್ನೊಂದು ಮೂವತ್ತಮೂರಕ್ಕೆ. ಅದರ ನಡುವೆಯೇ ಸೊರಬದ ಮಾತು. ಒಂದು ಫೋನಿನಲ್ಲಿ ಒಂದೇ ಹೊತ್ತಿಗೆ ಇಬ್ಬರ ಹತ್ತಿರ ಹೇಗೆ ಮಾತಾಡುತ್ತಾನೆ? ಲೋಕಪ್ಪ ಇದನ್ನು ಏಕೆ ನೋಡಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಮೂರನೇ ಹಾಳೆಯನ್ನು ಅವನು ಯಾರಿಗೂ ತೋರಿಸುವ ಹಾಗಿರಲಿಲ್ಲ, ತಾನೂ ನೋಡುವ ಹಾಗಿರಲಿಲ್ಲ.

ಮನೆಗೆ ಬಂದು ನೇರವಾಗಿ ಹೇಳಿದಳು. "ಸೊರಬಕ್ಕೆ ಹೋಗಿದ್ದೆ."

ಲೋಕಪ್ಪ ಗೋಡೆಗೆ ಒರಗಿ ಕೂತ. "ಏನೂ ಇಲ್ಲ ನೀಲಾ," ಎಂದ. "ಅವರಪ್ಪ ನಮ್ಮನ್ನ ಸಂತಿಯೋರು ಅಂದಿದ್ದ. ಫೋನ್ ಬಂದ ಮ್ಯಾಲೆ ಒಂದ್ಸಲ ಗೊತ್ತಾಗ್ಲಿ ಅನ್ನಿಸ್ತು. ಅಷ್ಟ."

"ಆಕೀಗೆ ಗೊತ್ತಾಗ್ಬೇಕಿತ್ತು. ನನಗೆ ಬ್ಯಾಡಾಗಿತ್ತು. ಅಲ್ವೇನ್ರೀ?"

"ನೀನು ಮನ್ಯಾಗ ಇರಾಕಿ. ನಿನಗೇನು ತೋರಿಸ್ಲಿ?"

ಆ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು. ಅಳುತ್ತಲೇ ಹಾಳೆ ಬಿಚ್ಚಿ ಎರಡು ಸಾಲನ್ನೂ ತೋರಿಸಿದಳು. "ಸೋಮವಾರ ಅವ್ರು ಬಂದಾಗ ಸೊರಬದ್ದು ನಂದು ಅಂತ ನಿಮ್ಮ ಬಾಯಿಂದ ಹೇಳ್ಬೇಕು. ನನ್ನ ಮುಂದೆ ಹೇಳ್ಬೇಕು."

ಸೋಮವಾರ ಬಂದ ಉಚ್ಚಂಗಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. "ಹಂಗಾರ ಎರಡರಾಗ ಒಂದು ನಿಮ್ದು. ಯಾವ್ದು?"

ಲೋಕಪ್ಪ ನೆಲ ನೋಡುತ್ತಾ, "ಸೊರಬದ್ದು ನಂದು. ಮೂರೂ ನಂದು. ಊರ ಕಡೆ ಮಾಡಿದ್ದು ಇನ್ನೊಂದಿಷ್ಟು ಅದಾವ, ಅವೂ ನಂದು. ಮುಂಬೈದು ಒಂದೂ ಅಲ್ಲ," ಎಂದ.

"ಸೊರಬದಾಗ ಯಾರು?"

ಲೋಕಪ್ಪ ಬಾಯಿ ತೆರೆಯುವ ಮೊದಲೇ ನೀಲಾಂಬಿಕ, "ನಮಗೆ ಗೊತ್ತಿರೋರು. ಕಬ್ಬಿಣದ ಅಂಗಡಿ ಐತಿ. ಮನ್ನೆ ನಾನೇ ಹೋಗಿ ಮಾತಾಡ್ಸಿ ಬಂದೀನಿ. ಇನ್ನ ಅವ್ರ ಮನಿಗೆ ನೀವು ಫೋನ್ ಮಾಡಿದ್ರ ನಾನು ಸುಮ್ನಿರಂಗಿಲ್ಲ," ಎಂದಳು.

ಉಚ್ಚಂಗಪ್ಪ ಹಾಳೆಯನ್ನು ಅವಳ ಕೈಗೆ ವಾಪಸು ಕೊಟ್ಟ. "ತಾಯಿ, ಇದನ್ನ ಮದ್ಲೇ ಹೇಳಿದ್ರ ನನ್ನ ಪೆಟ್ರೋಲಾದ್ರೂ ಉಳೀತಿತ್ತು," ಎಂದು, ಕಂಪನಿಗೆ ಅರ್ಜಿ ಹೇಗೆ ಬರೆಯಬೇಕೆಂದು ತಾನೇ ಹೇಳಿಕೊಟ್ಟು, ಅವಳು ಕೊಟ್ಟ ಕಾಫಿ ಕುಡಿದು ಹೋದ.

ಅಷ್ಟು ಸುಲಭವಾಗಿ ಮುಗಿಯಲಿಲ್ಲ. ನಡುವೆ ಒಂದು ವಕೀಲರ ನೋಟಿಸು ಬಂತು. ಲೋಕಪ್ಪ ಎರಡು ಸಲ ದಾವಣಗೆರೆಯ ಆಫೀಸಿಗೆ ಅಲೆದ. ಯುಗಾದಿ ಕಳೆದು ತಿಂಗಳಾದ ಮೇಲೆ, ಬೇರೆ ಯಾರದೋ ಕರೆಗಳು ಅವನ ಖಾತೆಗೆ ಸೇರಿದ್ದವೆಂದು ಒಪ್ಪಿದ ಕಾಗದ ಬಂತು. ಅವನ ಪಾಲಿಗೆ ಉಳಿದದ್ದು ಸಾವಿರದ ಒಂಬೈನೂರು. ಕಟ್ಟಿ, ಲೈನು ಬಿಟ್ಟುಬಿಟ್ಟ. ಆ ಕಾಗದವನ್ನು ವೀರಬಸಪ್ಪನಿಗೆ ತೋರಿಸಿ ಬಂದ ದಿನ ಲೋಕಪ್ಪ ಗೆಲುವಾಗಿದ್ದ. ಎರಡನೇ ಸಲ ಅನ್ನ ಹಾಕಿಸಿಕೊಂಡ.

"ಒಂದು ಕೇಳ್ತೀನಿ," ಎಂದಳು ನೀಲಾಂಬಿಕ. "ನೀವು ಫೋನ್ ಮಾಡಿದಾಗ ಆಕಿ ಏನಂದ್ಳು?"

"ಯಾರು?"

"ಯಾರು ಅಂತ ಗೊತ್ತೈತಿ ನಿಮಗೆ."

ಲೋಕಪ್ಪ ಸಾರಿನಲ್ಲಿ ಬೆರಳಾಡಿಸಿದ. "ಏನಂತಾರ, ಗುರುತು ಹಿಡಿದ್ರು. ಓ ನೀವಾ, ಎಷ್ಟ್ ವರ್ಷ ಆತು, ಹೆಂಗದೀರಿ ಅಂದ್ರು. ಚೆನ್ನಾಗೇ ಮಾತಾಡಿದ್ರು."

ಅವನ ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. ಅದನ್ನು ನೋಡಿ ನೀಲಾಂಬಿಕ ಸಾರಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು. ಸತ್ಯ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಯಾವ ಲೋಕಪ್ಪ ಅಂದ್ಳಂತೆ, ಉಪ್ಪಿಟ್ಟು ಮಾತ್ರ ನೆನಪಿದೆಯಂತೆ. ಅಂದುಬಿಟ್ಟರೆ ಆ ನಗು ಅಲ್ಲೇ ಸಾಯುತ್ತಿತ್ತು. ಆದರೆ ಅವಳು ಹೇಳಲಿಲ್ಲ. ಸೊರಬದ ಅಂಗಡಿಯಲ್ಲಿ ತನ್ನ ಗಂಡ ಹದಿನಾಲ್ಕು ಜನರಲ್ಲಿ ಒಬ್ಬನಾಗಿ ನಿಂತದ್ದನ್ನು ಈ ಅಡಿಗೆಮನೆಗೂ ತರಲು ಅವಳಿಗೆ ಮನಸ್ಸಾಗಲಿಲ್ಲ.

"ಹೌದಾ," ಎಂದಳು. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು, ಕೈ ಸ್ವಲ್ಪ ಜೋರಾಗಿ ಬಿದ್ದು ಒಂದಿಷ್ಟು ಹೊರಗೆ ಚೆಲ್ಲಿತು.