ಎರಡನೆಯ ಡಬ್ಬಿಯವನು

ಒಂದೇ ಸೂರಿನಡಿ ಮೂವರು: ಸೊಸೆ, ಅತ್ತೆ, ಮಗ. ಒಬ್ಬಳು ರಬ್ಬರ್ ಕೈಗವಸಿನ ಕಾರ್ಖಾನೆಗೆ ಸಾಮಾನು ತರಿಸುವವಳು, ಒಬ್ಬರು ಆ ಕೈಗವಸು ತುಂಬುವ ರಟ್ಟಿನ ಡಬ್ಬಿ ಮಾಡುವವರು, ಇನ್ನೊಬ್ಬ ಅದೇ ಕೈಗವಸು ತೊಟ್ಟು ದಿನವಿಡೀ ಕಂಡವರ ಬಾಯಿಗೆ ಕೈ ಹಾಕುವ ಹಲ್ಲಿನ ಡಾಕ್ಟರು. ಇಂಥವರು ಒಟ್ಟಿಗೆ ಊಟಕ್ಕೆ ಕೂತರೆ ಏನು ಮಾತಾಡಬೇಕು, ನೀವೇ ಹೇಳಿ. ಈ ಮನೆಯವರು ಪಕ್ಕದ ಮನೆಯ ನಾಯಿಯ ಬಗ್ಗೆ ಮಾತಾಡುತ್ತಿದ್ದರು. ನಾಯಿ ಒಳ್ಳೆಯದೇ, ಸುಳ್ಳು ಹೇಳಬಾರದು, ಆದರೆ ವರ್ಷಗಟ್ಟಲೆ ಮಾತಾಡುವಂಥದ್ದೇನೂ ಅದರಲ್ಲಿರಲಿಲ್ಲ.

ಬೇರೆ ದಾರಿಯಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಅತ್ತೆಯ ಡಬ್ಬಿಯ ವ್ಯಾನು ತಡವಾಗಿ ಬಂದು, ಅದರ ಪಂಚಾಯ್ತಿ ಊಟದ ಮೇಜಿನ ಮೇಲೆ ನಡೆದು, ಅತ್ತೆ ಒಂದಂದರೆ ಸೊಸೆ ಎರಡಂದು, ತಟ್ಟೆಯಲ್ಲಿದ್ದದ್ದೆಲ್ಲ ಆರಿ ತಣ್ಣಗಾಗಿತ್ತು. ಡಾಕ್ಟರು ತಟ್ಟೆ ಎತ್ತಿಕೊಂಡು ಹೋಗಿ ಮಹಡಿ ಮೆಟ್ಟಿಲ ಮೇಲೆ ಕೂತು ಊಟ ಮುಗಿಸಿದ್ದ. ಮರುದಿನವೇ ಅತ್ತೆ ಅಪ್ಪಣೆ ಹೊರಡಿಸಿದರು: ಮೇಜಿನ ಮುಂದೆ ಡಬ್ಬಿ, ಗ್ಲೌಸು ಎಂದು ಯಾರೂ ಚಕಾರ ಎತ್ತಕೂಡದು. ಕೆಲಸದ ಹೊತ್ತಿನಲ್ಲಿ ಫೋನಿನಲ್ಲಿ ಏನು ಬೇಕಾದರೂ ಕಿತ್ತಾಡಬಹುದು. ಆಗ ಇಬ್ಬರೂ ಒಬ್ಬರನ್ನೊಬ್ಬರು "ಮೇಡಂ" ಎನ್ನುತ್ತಿದ್ದರು. "ಮೇಡಂ, ನಿಮ್ಮ ಡಬ್ಬಿ ಇನ್ನೂ ಬಂದಿಲ್ಲ." "ಮೇಡಂ, ನಿಮ್ಮ ಗೇಟಿನವನು ನಮ್ಮ ವ್ಯಾನು ಒಳಗೆ ಬಿಡ್ತಿಲ್ಲ." ಸಂಜೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತು ತರಕಾರಿ ಹೆಚ್ಚುತ್ತಿದ್ದರು.

ಈ ಸಂಬಂಧ ಕುದುರಿದ್ದೂ ಜಗಳದಿಂದಲೇ. ಸೊಸೆ ಕಾರ್ಖಾನೆಗೆ ಹೊಸದಾಗಿ ಸೇರಿದಾಗ, ಡಬ್ಬಿಯ ತಳದ ಅಂಟು ಬಿಟ್ಟುಕೊಳ್ಳುತ್ತಿದೆ ಎಂದು ಹೇಳಲು ಅತ್ತೆಯ ಷೆಡ್ಡಿಗೆ ಹೋಗಿದ್ದಳು. ಅಂಟು ಒಳ್ಳೆಯದೇ ಎಂದು ಅವರು, ಅಲ್ಲವೇ ಅಲ್ಲ ಎಂದು ಇವಳು. ಕೊನೆಗೆ ಹುಡುಗಿ ಒಂದು ಡಬ್ಬಿಯನ್ನು ಮೊಣಕಾಲಿಗೆ ಒತ್ತಿ ತಳ ಕಳಚಿ ತೋರಿಸಿದಳು. ಅತ್ತೆ ಅಂಟಿನ ಪೀಪಾಯಿಯನ್ನು ಅಲ್ಲೇ ಚರಂಡಿಗೆ ಸುರಿಸಿದರು. ಆಮೇಲೆ ಒಳಗೆ ಹೋಗಿ ಮಗನಿಗೆ ಫೋನ್ ಮಾಡಿ, ಹಲ್ಲು ಕೀಳೋದು ಬಿಟ್ಟು ಒಮ್ಮೆ ಬಂದು ಹೋಗು ಎಂದರು.

ಕಾರ್ಖಾನೆಯಲ್ಲಿ ಸೊಸೆಯನ್ನು ಎಲ್ಲರೂ ಸಾಮಾನಿನ ಮೇಡಂ ಎಂದೇ ಕರೆಯುವುದು. ಅಲ್ಲಿ ಅಚ್ಚಿಗೆಂದು ಮಾಡಿದ ಪಿಂಗಾಣಿಯ ಕೈಗಳು ಬೆರಳು ಕೆಳಗೆ ಮಾಡಿಕೊಂಡು ಸರಪಳಿಯಲ್ಲಿ ಸಾಲಾಗಿ ಸಾಗುತ್ತವೆ. ರಬ್ಬರ್ ಮರದ ಹಾಲಿನ ತೊಟ್ಟಿಯಲ್ಲಿ ಮುಳುಗಿ ಏಳುತ್ತವೆ, ಒಲೆಯೊಳಗೆ ಹಾದು ಬರುತ್ತವೆ, ಕೊನೆಯಲ್ಲಿ ಅವುಗಳ ಮೈಮೇಲಿನ ಕೈಗವಸನ್ನು ಸರಕ್ಕನೆ ಸುಲಿದು ತೆಗೆಯುತ್ತಾರೆ. ಆ ಸರಪಳಿ ನಿಲ್ಲುವಂತಿಲ್ಲ. ನಿಂತರೆ ತೊಟ್ಟಿಯ ಹಾಲು ಹೆಪ್ಪುಗಟ್ಟುತ್ತದೆ, ಕಾರ್ಖಾನೆಯ ಯಜಮಾನರ ರಕ್ತ ಕುದಿಯುತ್ತದೆ. ಹಾಗಾಗಿ ಮೂಗು ಸುಡುವ ವಾಸನೆಯ ಹಾಲಿನ ಟ್ಯಾಂಕರು, ರಾಸಾಯನಿಕದ ಚೀಲ, ಒಲೆಗೆ ಗ್ಯಾಸು, ತುಂಬಲು ಡಬ್ಬಿ, ಇವೆಲ್ಲ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲಬೇಕು. ಅದು ಬಂತು ಇದು ಬರಲಿಲ್ಲ ಎಂದರೆ ಏನೂ ಬಂದಂತಲ್ಲ. ಸೊಸೆಗೆ ಈ ಕೆಲಸವೆಂದರೆ ಪ್ರಾಣ.

ಒಂದು ದಿನ, ದೊಡ್ಡ ಆಸ್ಪತ್ರೆಗಳ ಪರವಾಗಿ ಕೈಗವಸು ಕೊಳ್ಳುವ ಕಂಪನಿಯ ತಪಾಸಣೆಯವರೊಬ್ಬರು ಬಂದರು. ಕಡ್ಡಿಯಂಥ ಮನುಷ್ಯ. ಕಂಡದ್ದನ್ನೆಲ್ಲ ಪೆನ್ನಿನ ತುದಿಯಿಂದ ಮುಟ್ಟಿ ನೋಡುವ ಅಭ್ಯಾಸ.

"ಹಾಲು ಎಲ್ಲಿಂದ?" ಎಂದರು.

"ಎರಡು ಕಡೆಯಿಂದ. ಒಬ್ಬರು ಕೈ ಕೊಟ್ರೆ ಇನ್ನೊಬ್ಬರಿದ್ದಾರೆ."

"ರಾಸಾಯನಿಕ?"

"ಅದೂ ಇಬ್ಬರು."

"ಡಬ್ಬಿ?"

"ಒಬ್ಬರೇ."

"ಅವರ ಮಶೀನು ನಿಂತ್ರೆ?"

"ನಿಲ್ಲಲ್ಲ ಸರ್."

"ಅಷ್ಟು ಗ್ಯಾರಂಟಿಯಾಗಿ ಹೇಗೆ ಹೇಳ್ತೀರ?"

ಬೆಳಗ್ಗೆ ಅವರ ಜೊತೆಗೇ ಕಾಫಿ ಕುಡಿದು ಬಂದಿದ್ದೇನೆ ಎನ್ನಲು ಬಾಯಿ ಬರಲಿಲ್ಲ. "ಅವರನ್ನ ನಾನು ಚೆನ್ನಾಗಿ ಬಲ್ಲೆ" ಎಂದಳು.

"ಬಲ್ಲೆ ಅಂತ ಬರ್ಕೊಳ್ಳೋಕೆ ನಮ್ಮಲ್ಲಿ ಜಾಗ ಇಲ್ಲ ಮೇಡಂ" ಎಂದು ಅವರು ನಕ್ಕರು. ಮುಂದಿನ ತಿಂಗಳು ಮತ್ತೆ ಬರುವುದಾಗಿಯೂ, ಅಷ್ಟರೊಳಗೆ ಡಬ್ಬಿಗೆ ಎರಡನೆಯವರು ಸಿಗದಿದ್ದರೆ ಆರ್ಡರು ಬೇರೆ ಕಾರ್ಖಾನೆಗೆ ಹೋಗುವುದಾಗಿಯೂ ಹೇಳಿ ಹೊರಟರು. ಯಜಮಾನರು ಬ್ಯಾಂಕಿನವರ ಜೊತೆ ಮೇಜು ಕುಟ್ಟಿ ಮಾತಾಡುವ ಗಂಡೆದೆಯವರು. ಆದರೆ ಈ ಸಲ, "ಇದು ಅತ್ತೆ ಸೊಸೆ ವಿಷಯ. ನನ್ನನ್ನ ಮಧ್ಯೆ ಎಳೀಬೇಡಮ್ಮ" ಎಂದವರೇ ತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡರು.

ಹೇಳಬೇಕಾದದ್ದು ಒಂದೇ ಮಾತು. ಅತ್ತೆ, ನಿಮ್ಮ ಆರ್ಡರಿನಲ್ಲಿ ಒಂದು ಪಾಲು ಬೇರೆಯವರಿಗೆ ಕೊಡಬೇಕಾಗಿದೆ. ಅದನ್ನು ಹೇಳಲು ಸೊಸೆಗೆ ಧೈರ್ಯ ಸಾಲಲಿಲ್ಲ. ಅತ್ತೆಯ ಷೆಡ್ಡು ಈ ಒಂದು ಕಾರ್ಖಾನೆಯನ್ನೇ ನಂಬಿ ಬೆಳೆದದ್ದು. ತಮ್ಮ ಡಬ್ಬಿಯಿಲ್ಲದೆ ಅಲ್ಲಿ ಒಂದು ಕೈಗವಸೂ ಗೇಟು ದಾಟುವುದಿಲ್ಲ ಎಂಬುದು ಅವರ ಹೆಮ್ಮೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಹೆಮ್ಮೆ. ಅದನ್ನು ಕಸಿದುಕೊಳ್ಳುವವಳು ತಾನೇ ಆಗಬೇಕಲ್ಲ ಎಂದು ಸೊಸೆ ದಿನವೂ ಮಾತು ಮುಂದೂಡುತ್ತಿದ್ದಳು. ಕೆಲಸ ಉಳಿಸಿಕೊಳ್ಳಲು ಹೋಗಿ ಮನೆ ಒಡೆದರೆ?

ಅಂತೂ ಗುಟ್ಟಾಗಿ ಹುಡುಕಿದಳು. ಹಳೆಯ ಗೋದಾಮಿನ ಹಿಂದೆ ಬೂಟಿನ ಡಬ್ಬಿ ಮಾಡುವವನೊಬ್ಬ ಸಿಕ್ಕ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವನು ಮಾಡಿಕೊಟ್ಟ ನಮೂನೆಯ ಡಬ್ಬಿಗಳಿಗೆ ಕೈಗವಸು ತುಂಬಿಸಿ, ಎಂದಿನ ಡಬ್ಬಿಗಳ ಬದಲು ಗಂಡನ ಕ್ಲಿನಿಕ್ಕಿಗೆ ಕಳಿಸಿದಳು. ಗಂಡನಿಗೆ ಏನೂ ಹೇಳಲಿಲ್ಲ. ಮೊದಲೇ ಹೇಳಿದರೆ ಅವನು ತಾಯಿಯ ಮುಖ ನೋಡಿ ಒಂದು, ಹೆಂಡತಿಯ ಮುಖ ನೋಡಿ ಒಂದು ಹೇಳುವ ಗಿರಾಕಿ. ಏನೂ ಗೊತ್ತಿಲ್ಲದೆ ಬಳಸಿದರೆ ನಿಜ ಹೊರಬರುತ್ತದೆ ಎಂದು ಅವಳ ಲೆಕ್ಕಾಚಾರ. ನಿಜ ಹೊರಬರುವುದು ಎಲ್ಲಿ, ಯಾರ ಮುಂದೆ ಎಂಬುದನ್ನು ಮಾತ್ರ ಅವಳು ಯೋಚಿಸಿರಲಿಲ್ಲ.

ಎರಡು ದಿನ ಕಳೆದಿರಬಹುದು. ಊಟದ ಹೊತ್ತು. ನಾಯಿಯ ಸಮಾಚಾರ ಆಗಷ್ಟೇ ಮುಗಿದಿತ್ತು. ಡಾಕ್ಟರಿಗೆ ಅದೇನು ಖುಷಿಯೋ, ತಾಯಿಯನ್ನು ಹೊಗಳಬೇಕೆನಿಸಿತು.

"ಅಮ್ಮಾ, ಮೇಜಿನ ಮುಂದೆ ಹೇಳಬಾರದು, ಆದ್ರೂ ಹೇಳ್ಬಿಡ್ತೀನಿ. ಈ ಸಲ ಡಬ್ಬಿ ಬಹಳ ಚೆನ್ನಾಗಿ ಮಾಡಿದ್ದೀಯ. ಒಂದು ಗ್ಲೌಸು ಎಳೆದ್ರೆ ಒಂದೇ ಬರತ್ತೆ!"

ಸೊಸೆ ಸಾರಿನ ಸೌಟನ್ನು ಹಾಗೇ ಪಾತ್ರೆಗೆ ಬಿಟ್ಟಳು.

"ಒಂದು ಎಳೆದ್ರೆ ಒಂದೇ ತಾನೇ ಬರಬೇಕು?" ಎಂದರು ಅತ್ತೆ. "ಮುಂಚೆ ಎಷ್ಟು ಬರ್ತಿತ್ತು?"

"ಎರಡು. ಒಮ್ಮೊಮ್ಮೆ ಮೂರು" ಎಂದ ಡಾಕ್ಟರು ಸಲೀಸಾಗಿ. "ಹೆಚ್ಚಿಗೆ ಬಂದದ್ದು ನೆಲಕ್ಕೆ ಬಿದ್ರೆ ಕಸಕ್ಕೇ."

"ಎಷ್ಟು ದಿನದಿಂದ?"

"ಮೊದಲಿಂದಾನೂ."

"ಮತ್ತೆ ಹೇಳಲಿಲ್ಲ?"

"ನಿನಗ್ಯಾಕೆ ಬೇಜಾರು ಮಾಡೋದು ಅಂತ..." ಮಾತು ಅಲ್ಲಿಗೆ ಬಂದ ಮೇಲೆ ಪುಣ್ಯಾತ್ಮನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಹೆಂಡತಿಯತ್ತ ನೋಡಿದ. ಅವಳು ತಟ್ಟೆಯಲ್ಲಿ ಮುಖ ಹುದುಗಿಸಿದ್ದಳು.

"ನಾನು ಡಬ್ಬಿ ಬದಲಾಯಿಸಿಲ್ಲ" ಎಂದರು ಅತ್ತೆ ನಿಧಾನವಾಗಿ. ಅವರ ಕಣ್ಣು ಮಗನಿಂದ ಸೊಸೆಗೆ ಹೊರಳಿ ಅಲ್ಲೇ ನಿಂತಿತು. ಗುಟ್ಟು ರಟ್ಟಾಯಿತು. ಅವರು ಕೂಗಲಿಲ್ಲ, ಗದರಲಿಲ್ಲ. ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು ಕೋಣೆಗೆ ಹೋದರು. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೆಳಗ್ಗೆ ಸೊಸೆ ಏಳುವಷ್ಟರಲ್ಲಿ ಅತ್ತೆ ಷೆಡ್ಡಿಗೆ ಹೋಗಿಯಾಗಿತ್ತು. ಕಾಫಿಯನ್ನೂ ಕುಡಿದಿರಲಿಲ್ಲ. ಸೊಸೆ ಕಾರ್ಖಾನೆಯಲ್ಲಿ ಕೂತಳು, ಎದ್ದಳು, ಹಾಲಿನ ಟ್ಯಾಂಕರಿನವನ ಮೇಲೆ ಸುಮ್ಮಸುಮ್ಮನೆ ರೇಗಿದಳು. ಮಧ್ಯಾಹ್ನ ಅರ್ಧ ರಜೆ ಹಾಕಿ ನೇರವಾಗಿ ಷೆಡ್ಡಿಗೆ ಹೋದಳು. ಬಂದದ್ದು ಬರಲಿ, ಎರಡೇಟು ಬೇಕಾದರೂ ಬೀಳಲಿ ಎಂದು ಗಟ್ಟಿ ಮನಸ್ಸು ಮಾಡಿದ್ದಳು.

ಅತ್ತೆ ರಟ್ಟು ಕತ್ತರಿಸುವ ಮಶೀನಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಸುತ್ತಲೂ ಬಾಯಿಯ ಅಳತೆ ಬೇರೆ ಬೇರೆಯಾದ ಡಬ್ಬಿಗಳು. ಒಂದೊಂದರಿಂದಲೂ ಕೈಗವಸು ಎಳೆದೂ ಎಳೆದೂ ಮಡಿಲಲ್ಲಿ ಗುಡ್ಡೆ ಬಿದ್ದಿತ್ತು.

"ಬಂದ್ಯಾ? ಇದನ್ನ ಎಳಿ" ಎಂದರು.

ಸೊಸೆ ಎಳೆದಳು. ಎರಡು ಬಂದವು.

"ಇದನ್ನ?"

ಒಂದೇ ಬಂತು.

"ಬಾಯಿ ಅಗಲ ಆಗಿತ್ತು ಕಣೇ. ಥೇಟ್ ನನ್ನ ಬಾಯಿ ಥರ" ಎಂದರು ಅತ್ತೆ. ಸೊಸೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಯಾರವನು?"

"ಬೂಟಿನ ಡಬ್ಬಿ ಮಾಡೋನು. ಆಸ್ಪತ್ರೆಯವರು ಎಲ್ಲದಕ್ಕೂ ಇಬ್ಬರು ಇರಲೇಬೇಕು ಅಂತ ಹಟ ಹಿಡಿದ್ರು ಅತ್ತೆ. ಇಲ್ಲದಿದ್ರೆ ಆರ್ಡರೇ ಇಲ್ಲ. ಮೂರರಲ್ಲಿ ಒಂದು ಪಾಲು ಅವನಿಗೆ, ಮಿಕ್ಕಿದ್ದೆಲ್ಲ ನಿಮ್ಮದೇ."

"ನನಗೆ ಯಾವಾಗ ಹೇಳೋಣ ಅಂತಿದ್ದೆ?"

"ದಿನಾ ಹೇಳೋಣ ಅಂದ್ಕೋತಿದ್ದೆ. ನಿಮಗೆ ಬೇಜಾರಾಗತ್ತೆ ಅಂತ..."

"ಆಗತ್ತೆ. ಆಗದೆ ಇರತ್ತಾ? ಒಂದು ಹೊತ್ತು ಮುಖ ಊದಿಸ್ಕೊಂಡಿರ್ತಿದ್ದೆ, ಆಮೇಲೆ ಹಸಿವಾದ್ರೆ ನಾನೇ ಬಂದು ಊಟ ಮಾಡ್ತಿದ್ದೆ." ಅತ್ತೆಯ ದನಿ ಈಗ ಏರಿತು. "ಸೊಸೆ ಆಗೋಕೆ ಮುಂಚೆ ಇದೇ ಬಾಗಿಲಲ್ಲಿ ನಿಂತು ಅಂಟಿಗೋಸ್ಕರ ನನ್ನ ನೀರಿಳಿಸಿದ್ಯಲ್ಲ, ಆ ಹುಡುಗಿ ಎಲ್ಲಿ ಹೋದ್ಲು? ಅವಳನ್ನ ಮೆಚ್ಚಿ ತಾನೇ ಮನೆಗೆ ತಂದ್ಕೊಂಡದ್ದು? ಈಗ ನೋಡಿದ್ರೆ ಗಂಡ ಹೆಂಡತಿ ಸೇರಿ ನನ್ನನ್ನ ನಿಮ್ಮ ಕಾರ್ಖಾನೆ ಪಿಂಗಾಣಿ ಕೈ ಮಾಡಿಟ್ಟಿದ್ದೀರ, ಮುಟ್ಟಿದ್ರೆ ಒಡೆದುಹೋಗತ್ತೆ ಅನ್ನೋ ಹಾಗೆ. ಹೊರಗಿನ ಗಿರಾಕಿ ಆಗಿದ್ರೆ ಮೊದಲನೇ ದಿನಾನೇ ಬೈದು ಡಬ್ಬಿ ಸರಿಮಾಡಿಸ್ತಿದ್ದ!"

ಸೊಸೆಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಕಟ್ಟಿಕೊಂಡದ್ದೆಲ್ಲ ಒಮ್ಮೆಗೇ ಹರಿಯಿತು.

"ಆ ಕಡೆ ತಿರುಗಿ ಅಳು, ರಟ್ಟು ಒದ್ದೆ ಆಗತ್ತೆ" ಎಂದರು ಅತ್ತೆ. ಮಡಿಲಿನ ಕೈಗವಸನ್ನೆಲ್ಲ ಪಕ್ಕಕ್ಕೆ ಸುರಿದು, ಅವಳನ್ನು ಹತ್ತಿರ ಎಳೆದುಕೊಂಡು ಸೆರಗಿನಿಂದ ಮುಖ ಒರೆಸಿದರು. ದನಿ ತಾನಾಗಿ ಇಳಿಯಿತು. "ಒಂದು ನಿಜ ಹೇಳ್ಲಾ? ನಿನ್ನೆ ಕೋಪದಲ್ಲಿ ಹೊರಳಾಡ್ತಾ ಮಲಗಿದ್ನಾ, ಬೆಳಗಾಗೋ ಹೊತ್ತಿಗೆ ಒಂದು ಯೋಚನೆ ಬಂತು. ನಿಮ್ಮ ಕಾರ್ಖಾನೆಗೆ ಡಬ್ಬಿ ಹಾಕೋಕೆ ಶುರು ಮಾಡಿದಾಗಿಂದ ನಾನು ಜ್ವರ ಅಂತ ಮಲಗಿಲ್ಲ. ಜ್ವರ ಬರಲಿಲ್ಲ ಅಂತಲ್ಲ, ಮಲಗೋ ಹಾಗಿರಲಿಲ್ಲ. ನಾನು ಮಲಗಿದ್ರೆ ನೀವು ಕೈಗವಸು ಎಲ್ಲಿ ತುಂಬ್ತೀರ? ತಂಗಿ ಮನೆಗೆ ಹೋದ್ರೂ ಅವತ್ತೇ ವಾಪಸು. ಅವಳ ಮೊಮ್ಮಗು ನನ್ನನ್ನ ಏನಂತ ಕರೆಯತ್ತೆ ಗೊತ್ತಾ? ಹೊರಡೋ ಅಜ್ಜಿ ಅಂತ."

ಸೊಸೆ ಅಳುತ್ತಲೇ ನಕ್ಕಳು. ಅತ್ತೆಯೂ ನಕ್ಕರು, ಆದರೆ ಅವರ ಕಣ್ಣೂ ಒದ್ದೆಯಾಗಿತ್ತು.

"ಎರಡನೆಯವನು ಇರಲಿ" ಎಂದರು. "ನಾಳೆ ಅವನನ್ನ ಇಲ್ಲಿಗೆ ಕಳಿಸು. ತಳದ ಅಂಟು ಹೇಗೆ ಹಾಕ್ತಾನೋ ನೋಡ್ತೀನಿ. ಅವನ ಡಬ್ಬಿ ಕಳಚಿಕೊಂಡ್ರೆ ಆಸ್ಪತ್ರೆಯವರು ನನ್ನದನ್ನೂ ಸೇರಿಸಿ ಬೈತಾರೆ."

ಕಡ್ಡಿಯಂಥ ತಪಾಸಣೆಯವರು ಮತ್ತೆ ಬಂದರು, ಎರಡೂ ಡಬ್ಬಿಗಳನ್ನು ಪೆನ್ನಿನಿಂದ ಮುಟ್ಟಿ ನೋಡಿದರು, ತಲೆಯಾಡಿಸಿ ಹೋದರು. ಯಜಮಾನರು ಬಾಗಿಲು ತೆರೆದು ಹೊರಬಂದು, ಎಲ್ಲ ತಾವೇ ಮಾಡಿಸಿದಂತೆ ಓಡಾಡಿದರು. ಆ ವಾರವೇ ಅತ್ತೆ ಒಂದು ಚೀಲಕ್ಕೆ ಸೀರೆ ತುಂಬಿಕೊಂಡು ತಂಗಿಯ ಮನೆಗೆ ಹೊರಟುನಿಂತರು. ಷೆಡ್ಡಿನ ಕೆಲಸದವರಿಗೂ ರಜೆ ಕೊಟ್ಟು ತಾವೇ ಬೀಗ ಹಾಕಿದರು. ಅಷ್ಟೂ ದಿನದ ಡಬ್ಬಿ ಬೂಟಿನ ಡಬ್ಬಿಯವನೇ ಹಾಕಬೇಕು. ಬಸ್ಸು ಹತ್ತುವಾಗಲೂ, "ಅವನೇನಾದ್ರೂ ಕೈ ಕೊಟ್ರೆ ಫೋನ್ ಮಾಡು, ಓಡಿ ಬರ್ತೀನಿ" ಎಂದು ಹೇಳಿದ್ದನ್ನೇ ಹೇಳಿದರು.

ಅವನ ಮೊದಲ ದೊಡ್ಡ ಲೋಡು ಬರುವ ದಿನ ಸೊಸೆ ತಾನೇ ಗೇಟಿನ ಬಳಿ ನಿಂತಿದ್ದಳು. ಡಬ್ಬಿಗಳನ್ನು ಇಳಿಸಿಕೊಂಡು, ಅಲ್ಲೊಂದು ಇಲ್ಲೊಂದು ತೆಗೆದು ನೋಡಿ, ಅತ್ತೆಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದರು.

"ಬಂತಾ?"

"ಬಂತು ಅತ್ತೆ."

"ಹೊತ್ತಿಗೆ ಸರಿಯಾಗಿ?"

"ಸ್ವಲ್ಪ ಮುಂಚೇನೇ."

"ಹೂಂ. ಡಬ್ಬಿ ಹೇಗಿದೆ?"

ನಿಮ್ಮಷ್ಟು ಚೆನ್ನಾಗಿಲ್ಲ ಎಂಬ ಸುಳ್ಳು ಸೊಸೆಯ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಚೆನ್ನಾಗಿದೆ. ನಿಮ್ಮದರ ಪಕ್ಕ ಇಟ್ರೆ ಯಾರದು ಯಾವುದು ಅಂತ ಗೊತ್ತಾಗಲ್ಲ."

ಆ ಕಡೆ ಮಗುವೊಂದು ಕೇಕೆ ಹಾಕುವುದು ಕೇಳಿಸುತ್ತಿತ್ತು. ಸೊಸೆ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಹಾಗಾದ್ರೆ ಇನ್ನೊಂದು ನಾಲ್ಕು ದಿನ ಇದ್ದೇ ಬರ್ತೀನಿ ಬಿಡು" ಎಂದರು ಅತ್ತೆ ಕೊನೆಗೆ. ಆ ದನಿಯಲ್ಲಿ ನೆಮ್ಮದಿಯಿತ್ತು, ಒಂದಿಷ್ಟು ನೋವೂ ಇತ್ತು. ಸೊಸೆಗೆ ಎರಡೂ ಕೇಳಿಸಿದವು.

"ಬೇಗ ಬನ್ನಿ ಅತ್ತೆ."

"ಯಾಕೆ? ಡಬ್ಬಿಗೆ ಅವನಿದ್ದಾನಲ್ಲ."

"ಡಬ್ಬಿಗಲ್ಲ. ಮನೆಯಲ್ಲಿ ನನಗೆ ಜಗಳಕ್ಕೆ ಯಾರೂ ಇಲ್ಲ. ನಾನು ಏನಂದ್ರೂ ನಿಮ್ಮ ಮಗ ಹೂಂ ಅಂತಾರೆ."

ಅತ್ತೆ ನಕ್ಕರು.

"ಆ ಕೆಲಸಕ್ಕೆ ಮಾತ್ರ ಇನ್ನೊಬ್ಬರನ್ನ ಹುಡುಕಬೇಡ ಕಣೇ" ಎಂದರು.

"ಹುಡುಕಲ್ಲ ಅತ್ತೆ" ಎಂದಳು ಸೊಸೆ.